ಗಾಡಿಗೆ ಬಂದ ಅಕ್ಷತೆ

ಖಂಡಪ್ಪಣ್ಣನಿಗೆ ಕಾರಿನ ಹುಚ್ಚು ಎಂದು ಸೊಲ್ಲಾಪುರದ ನಮ್ಮ ಗಲ್ಲಿಯ ಮಂದಿಯೆಲ್ಲ ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ನಾಲ್ಕಾರು ಬಿಡಾರಗಳ ಒಂದೇ ವಾಡೆಯಲ್ಲಿ ಅವನ ಗೋಡೆಗೆ ಗೋಡೆ ಹಚ್ಚಿ ಬಾಳ್ವೆ ಮಾಡಿದವಳು ನಾನು, ಪಾರ್ವತಿಬಾಯಿ. ನನಗಿಂತ ಹೆಚ್ಚು ಇವರಿಗೇನು ಗೊತ್ತು? ಆ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ. ತನ್ನ ಬಾಗಿಲನ್ನು ಯಾರಾದರೂ ಬಂದು ಬಡಿಯಬೇಕು, ಅಷ್ಟೇ.

ಅವನು ಬಟ್ಟೆ ಗಿರಣಿಯ ಆಫೀಸಿನಲ್ಲಿ ಕಾರಕೂನ. ಕಾರಕೂನನಿಗೆ ಕಾರು ಎಲ್ಲಿಂದ ಬರಬೇಕು? ಗಿರಣಿಯ ಡಾಕ್ಟರರೊಬ್ಬರು ಊರು ಬಿಡುವಾಗ ಸೋವಿಯಲ್ಲಿ ಕೊಟ್ಟು ಹೋಗಿದ್ದರು. ಬೂದು ಬಣ್ಣದ ಫಿಯಾಟ್, ಮೂತಿ ಉಬ್ಬಿದ್ದು. ಅದಕ್ಕೇ ಜನ ಅದನ್ನು ಡುಕ್ಕರ ಎನ್ನುತ್ತಿದ್ದರು. ಡುಕ್ಕರ ಅಂದರೆ ಮರಾಠಿಯಲ್ಲಿ ಹಂದಿ. ಅದರ ಮುಂದಿನ ಬಾಗಿಲುಗಳು ಬೇರೆ ಕಾರಿನವುಗಳಿಗೆ ಉಲ್ಟಾ ತೆರೆಯುತ್ತಿದ್ದವು. ಹೊಸದಾಗಿ ಕೂಡುವವರು ತಡಬಡಿಸಿದರೆ ಖಂಡಪ್ಪಣ್ಣನಿಗೆ ಎಲ್ಲಿಲ್ಲದ ನಗು.

ಆಗ ಗಲ್ಲಿಗೆಲ್ಲ ಅದೊಂದೇ ಕಾರು. ಬಸುರಿಗೆ ನೋವು ಬರಲಿ, ಮುದುಕರಿಗೆ ದಮ್ಮು ಹತ್ತಲಿ, ಬಾಗಿಲು ಬಡಿಯುವುದು ಖಂಡಪ್ಪಣ್ಣನದೇ. ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದು ಓಡುತ್ತಿದ್ದ. ಎದುರುಮನೆಯ ನೂಲಿನ ವ್ಯಾಪಾರಿ ಹಣಮಂತಪ್ಪ ಶೇಟ್ರ ಮಗಳು ದ್ವಾರಕಾ ಹುಟ್ಟಿದ್ದು ಅಕ್ಕಲಕೋಟದಲ್ಲಿ, ತಾಯಿಯ ತವರಿನಲ್ಲಿ. ಬಾಣಂತನ ಮುಗಿದ ಮೇಲೆ ತಾಯಿ ಕಸ್ತೂರಬಾಯಿಯನ್ನೂ ಕೂಸನ್ನೂ ಸೊಲ್ಲಾಪುರಕ್ಕೆ ಕರೆತಂದದ್ದು ಇದೇ ಡುಕ್ಕರ. ದಾರಿಯುದ್ದಕ್ಕೂ ಕೂಸು ಒಮ್ಮೆಯೂ ಅಳಲಿಲ್ಲವಂತೆ. ಅದನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದ್ದವು. ಏನು ಮಾಡುವುದು, ಮಕ್ಕಳಿಲ್ಲದವನು. ಹೆಂಡತಿ ಚಂದ್ರಭಾಗಾ ಕೂಡ ವಿಷಮಜ್ವರದಲ್ಲಿ ಹೋಗಿಬಿಟ್ಟಳು. ಮಳೆಯ ದಿನ ದ್ವಾರಕಾಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದ. ಒಮ್ಮೆ ಅವಳು ನನ್ನೆದುರಿಗೇ ಅಂದಳು, "ಕಾಕಾ, ನನ ಲಗ್ನದಾಗ ನೀನ ಗಾಡಿ ಹೊಡೀಬೇಕ ನೋಡು." ಹುಡುಗಿ ಆಡಿ ಮರೆತಳು. ಇವನು ಮರೆಯಲಿಲ್ಲ.

ಬರಬರುತ್ತ ಶೇಟ್ರು ಅಂಬಾಸಿಡರ್ ಕೊಂಡರು, ಬಸಣ್ಣನೆಂಬ ಡ್ರೈವರನನ್ನೂ ಇಟ್ಟರು. ಗಲ್ಲಿಗೆ ಸ್ಕೂಟರ್ ಬಂದವು, ಮೂಲೆಯಲ್ಲಿ ಆಟೋರಿಕ್ಷಾ ನಿಂತವು. ಖಂಡಪ್ಪಣ್ಣನ ಬಾಗಿಲು ಬಡಿಯುವವರು ಇಲ್ಲವಾದರು. "ಇದನ್ನ ಗುಜರಿಯವಗ ಹಾಕೋ ಮಾರಾಯ" ಎಂದು ಶೇಟ್ರೇ ನಗುತ್ತಿದ್ದರು. ಅವನು ಮಾತ್ರ ದಿನಾ ಬೆಳಿಗ್ಗೆ ಗಾಡಿ ಒರೆಸುವನು. ಪ್ರತಿ ಗುರುವಾರ ಸ್ವಾಮಿಯ ದರ್ಶನಕ್ಕೆ ಅಕ್ಕಲಕೋಟಕ್ಕೆ ಒಬ್ಬನೇ ಹೋಗಿ ಒಬ್ಬನೇ ಬರುವನು. ನನಗೇ ತಡೆಯದೆ ಕೇಳಿದೆ, "ಯಾಕ ಇಟಗೊಂಡ ಕುಂತೀರಿ ಅಣ್ಣ ಇದನ್ನ?"

"ಇದೂ ಹೋತಂದ್ರ ನನ್ನ ಬಾಗಲಕ ಯಾರ ಬರ್ತಾರ್ರಿ, ಬಾಯಾರ?" ಅಂದ.



ಎಪ್ಪತ್ತೆಂಟನೇ ಇಸವಿಯಲ್ಲಿ ದ್ವಾರಕಾಳಿಗೆ ಪುಣೆಯ ವರ ಗೊತ್ತಾದ. ಹೆಣ್ಣು ನೋಡಲು ಬಂದವನು ಹೆಣ್ಣಿಗಿಂತ ಹೆಚ್ಚು ಹೊತ್ತು ನೋಡಿದ್ದು ನಮ್ಮ ವಾಡೆಯ ಶೆಡ್ಡಿನಲ್ಲಿದ್ದ ಡುಕ್ಕರವನ್ನೇ. "ಹೀ ತರ ಕ್ಲಾಸಿಕ್ ಗಾಡೀ ಆಹೆ!" ಅಂದ, ಇದು ಹಳೆಯ ಕಾಲದ ಅಪರೂಪದ ಗಾಡಿ ಎಂದು. ಇಂಥ ಗಾಡಿ ಈಗ ಹುಡುಕಿದರೂ ಸಿಗದಂತೆ; ಪುಣೆ, ಮುಂಬಯಿಯ ಶೋಕಿಲಾಲರು ಇದಕ್ಕೆ ಸಾಯುತ್ತಾರಂತೆ. ಲಗ್ನಕ್ಕೆ ಇದೇ ಗಾಡಿ ಬೇಕು, ಅಕ್ಷತೆ ಬಿದ್ದ ಕೂಡಲೇ ಇದರಲ್ಲೇ ಅಕ್ಕಲಕೋಟಕ್ಕೆ ದರ್ಶನಕ್ಕೆ ಹೋಗೋಣ ಎಂದು ಹಟ ಹಿಡಿದ. ನಿನ್ನೆಯ ಡುಕ್ಕರ ಇಂದು ಮಹಾರಾಜ ಆಯಿತು ನೋಡಿ!

ಲಗ್ನಕ್ಕೆ ಎಂಟು ದಿನವಿರುವಾಗ ಶೇಟ್ರೂ ಕಸ್ತೂರಬಾಯಿಯೂ ಕರೆಯಲು ಬಂದರು. ನಮ್ಮಲ್ಲಿ ಲಗ್ನಕ್ಕೆ ಕರೆಯುವುದೆಂದರೆ ಮನೆಯ ಹೊಸ್ತಿಲಿಗೆ ಬಂದು ಕೈಗೆ ಅಕ್ಷತೆ ಹಾಕಬೇಕು. ಹಾಗೆ ಕರೆಯದಿದ್ದರೆ ಮಾನವಂತರು ಯಾರೂ ಊಟಕ್ಕೆ ಹೋಗುವುದಿಲ್ಲ. ನನಗೆ ಕೊಟ್ಟರು, ಮೇಲಿನ ಮನೆಯವರಿಗೆ ಕೊಟ್ಟರು. ಆಮೇಲೆ ನೆಟ್ಟಗೆ ಶೆಡ್ಡಿಗೆ ಹೋದರು. ಕಸ್ತೂರಬಾಯಿ ಗಾಡಿಗೆ ಕುಂಕುಮ ಹಚ್ಚಿ, ಬಾನೆಟ್ಟಿನ ಮೇಲೆ ಒಂದು ಹಿಡಿ ಅಕ್ಷತೆ ಹಾಕಿ, ಕೈಮುಗಿದಳು. ಪಕ್ಕದಲ್ಲೇ ಖಂಡಪ್ಪಣ್ಣ ಬಲಗೈ ಅರ್ಧ ಚಾಚಿ ನಿಂತಿದ್ದ.

"ಗಾಡಿ ಬಸಣ್ಣ ಒಯ್ತಾನ ಬಿಡು. ನೀ ಯಾಕ ದಣೀತಿ? ಜಾಗಾನೂ ಸಾಲೂದಿಲ್ಲ" ಅಂದರು ಶೇಟ್ರು. ಇಬ್ಬರೂ ಹೊರಟು ಹೋದರು.

ಚಾಚಿದ ಕೈಯನ್ನು ಅವನು ಜೇಬಿಗೆ ಇಳಿಸಿದ. ನನಗೆ ಮೈಯೆಲ್ಲ ಉರಿದು ಹೋಯಿತು. "ಈಗಿಂದೀಗ ಹೋಗಿ ಕೇಳ್ತೀನಿ!" ಎಂದು ಎದ್ದೆ.

"ಬ್ಯಾಡ್ರಿ ಬಾಯಾರ. ಹೇಳಿ ಕರಿಸ್ಕೋಬಾರದು. ಗದ್ಲದಾಗ ಮರತಾರ. ನಾಳಿ ಬರ್ತಾರ."

ನಾಳೆ ಬರಲಿಲ್ಲ, ನಾಡಿದ್ದೂ ಬರಲಿಲ್ಲ. ಗಿರಣಿಯಿಂದ ಬಂದವನೇ ಬಾಗಿಲು ತೆರೆದಿಟ್ಟು ಕುರ್ಚಿಯಲ್ಲಿ ಕೂಡುತ್ತಿದ್ದ. ಆ ಎಂಟು ದಿನ ಗಾಡಿಯನ್ನೂ ಒರೆಸಲಿಲ್ಲ, ಗುರುವಾರವೂ ಹೊರಗೆ ತೆಗೆಯಲಿಲ್ಲ. ಬಾನೆಟ್ಟಿನ ಮೇಲಿನ ಅಕ್ಷತೆಕಾಳು ಇದ್ದಲ್ಲೇ ಇದ್ದವು. ಲಗ್ನದ ದಿನ ಬೆಳಿಗ್ಗೆ ಬಸಣ್ಣ ಬಂದು ಚೆಂಡು ಹೂವಿನ ಮಾಲೆ ಕಟ್ಟಿ ಗಾಡಿ ಒಯ್ಯುವ ಮೊದಲು, ಖಂಡಪ್ಪಣ್ಣ ಆ ಕಾಳುಗಳನ್ನೆಲ್ಲ ಬಳಿದು ಅಂಗಿಯ ಜೇಬಿಗೆ ಹಾಕಿಕೊಂಡ.

ಲಗ್ನ ನಡೆಯುವ ಮಂಗಲ ಕಾರ್ಯಾಲಯ ನಮ್ಮ ಗಲ್ಲಿಯ ತುದಿಗೇ ಇತ್ತು. ಅಲ್ಲಿ ಕಸ್ತೂರಬಾಯಿ ಕಂಡದ್ದೇ ತಡ, ನನ್ನ ಬಾಯಿ ಸುಮ್ಮನಿರಲಿಲ್ಲ. "ಖಂಡಪ್ಪಣ್ಣನ್ನ ಕರದೇ ಇಲ್ಲಲ್ರೀ!"

"ಅಯ್ಯ ನನ ಶಿವನ! ಅಂವಗ ಅಕ್ಷತಿ ಯಾಕ ಕೊಡಬೇಕ? ಅಂವ ನಮ್ಮ ಮನಿಯಂವನ ಅಲ್ಲೇನ್ರಿ!" ಅಂದಳು. ಸುಳ್ಳಲ್ಲ, ಮನಸಾರೆಯೇ ಅಂದಳು. ಮನೆಯವನಂತೆ! ಮನೆಯವನಿಗೆ ಗಾಡಿಯಲ್ಲಿ ಜಾಗವಿಲ್ಲ, ಪಂಕ್ತಿಯಲ್ಲಿ ತಾಟಿಲ್ಲ. ನಾನು ಮುಹೂರ್ತಕ್ಕೂ ನಿಲ್ಲದೆ ವಾಡೆಗೆ ಓಡಿದೆ.

ಖಾಲಿ ಶೆಡ್ಡಿನ ಬಾಗಿಲಲ್ಲಿ ಅವನು ಒಗೆದ ಧೋತರ ಉಟ್ಟು, ಟೊಪ್ಪಿಗೆ ಇಟ್ಟುಕೊಂಡು ನಿಂತಿದ್ದ. ಕಾರ್ಯಾಲಯದ ಧ್ವನಿವರ್ಧಕದಲ್ಲಿ ಮಂಗಲಾಷ್ಟಕ ಕೇಳುತ್ತಿತ್ತು. ಒಂದೊಂದು ಸಲ "ಸಾವಧಾನ" ಅಂದಾಗಲೂ ಮಂಟಪದವರಂತೆ ಇವನೂ ಜೇಬಿನಿಂದ ನಾಲ್ಕು ಕಾಳು ತೆಗೆದು ಶೆಡ್ಡಿನೊಳಕ್ಕೆ ಹಾಕುತ್ತಿದ್ದ. ಗಾಡಿ ನಿಲ್ಲುವ ಜಾಗದಲ್ಲಿ ಎಣ್ಣೆಯ ಕರಿ ಕಲೆಯಿತ್ತು. ಕಾಳುಗಳು ಅದರ ಮೇಲೆ ಬೀಳುತ್ತಿದ್ದವು.

ನನ್ನನ್ನು ಕಂಡು ನಾಚಿದ. "ಗಾಡಿಗಿ ಬಂದ ಅಕ್ಷತಿರಿ ಇವು. ಗಾಡಿ ಅಲ್ಲಿ ಹೋಗ್ಯದ, ಇವು ಇಲ್ಲೇ ಉಳದಿದ್ದವು" ಅಂದ.

ನನ್ನ ಮುಷ್ಟಿಯಲ್ಲಿ ಕಾರ್ಯಾಲಯದಲ್ಲಿ ಹಂಚಿದ ಅಕ್ಷತೆ ಇತ್ತು. ಅದನ್ನು ಅಲ್ಲೇ ಹಾಕಿದೆ. ಅಳುತ್ತ ಹಾಕಿದೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

"ಊಟಕ್ಕ ನಡೀರಿ ಅಣ್ಣ. ಕಸ್ತೂರಬಾಯಿ ಕರ್ಯಾಕತ್ತಾರ" ಎಂದು ಸುಳ್ಳು ಹೇಳಿದೆ.

"ನೀವ ಹೋಗ್ರಿ. ಹಸಿವಿಲ್ಲ" ಅಂದ. ನಾನೂ ಹೋಗಲಿಲ್ಲ. ಮನೆಯಲ್ಲಿ ಅನ್ನ, ಸಾರು ಮಾಡಿ ಅವನಿಗೂ ಬಡಿಸಿದೆ.

ಹೊತ್ತು ಇಳಿಯುವಾಗ ಗಾಡಿ ಅಕ್ಕಲಕೋಟದಿಂದ ಮರಳಿತು. ಮದುಮಕ್ಕಳನ್ನು ಎದುರುಮನೆಗೆ ಇಳಿಸಿ, ಬಸಣ್ಣ ಶೆಡ್ಡಿನ ಮುಂದೆ ತಂದು ಹಾರ್ನ್ ಹೊಡೆದ. ಖಂಡಪ್ಪಣ್ಣ ಒಳಗೆ ಮೊಣಕಾಲೂರಿ ಕೂತು ಕಾಳು ಆರಿಸುತ್ತಿದ್ದ.

"ಸರೀರಿ ಕಾಕಾ! ಗಾಡಿ ಒಳಗ ಹಾಕತೀನಿ, ನನಗ ಹೊತ್ತಾತು!"

"ತಡಿ. ಅಕ್ಷತಿ ಅವ ಇಲ್ಲಿ. ತುಳೀಬಾರದು."

ಬಸಣ್ಣ ಮತ್ತೆ ಹಾರ್ನ್ ಹೊಡೆದ. ಅದರ ಮೇಲೆ ಮತ್ತೊಮ್ಮೆ. ಯಾರು ಬಾಗಿಲು ಬಡಿದರೂ ಅರ್ಧ ರೊಟ್ಟಿ ಬಿಟ್ಟು ಓಡುತ್ತಿದ್ದ ಖಂಡಪ್ಪಣ್ಣ ಅಂದು ಏಳಲಿಲ್ಲ.