ಸಕ್ಕರೆ ಗಿಣಿಯ ತಲೆ

ನಮ್ಮ ಮನೆಯಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಅಕ್ಕನ ಮದುವೆ ಗೊತ್ತಾದ ವರ್ಷ, ಗೌರಿ ಹುಣ್ಣಿಮೆಗೆ ಸಿಂಧನೂರಿನ ಬೀಗರು ಕಳಿಸಿದ ಸಕ್ಕರೆ ಆರತಿ ಮಸ್ಕಿಯವರೆಗೆ ಬಸ್ಸಿನಲ್ಲಿ ಬಂದರೂ ಎಳ್ಳಷ್ಟೂ ಮುಕ್ಕಾಗಲಿಲ್ಲವಂತೆ. ಅಂಥ ರಸ್ತೆಯಲ್ಲಿ, ಅಂಥ ಬಸ್ಸಿನಲ್ಲಿ, ಸಾಕ್ಷಾತ್ ಗೌರಿಯೇ ಬುಟ್ಟಿಯ ಮೇಲೆ ಕೈಯಿಟ್ಟು ಕೂತಿದ್ದಳಂತೆ. ಅವ್ವ ಇದನ್ನು ಬಂದ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಎದುರಿಗಿದ್ದರೆ ಒಮ್ಮೆ ನನ್ನತ್ತ ನೋಡಿ, ದನಿ ಇನ್ನಷ್ಟು ಏರಿಸುತ್ತಾಳೆ.

ರಾಯಚೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಮಗೆ ಚರ್ಚೆ ಕಲಿಸಿದ ಅಕ್ಕೋರು ಒಂದು ಮಾತು ಹೇಳುತ್ತಿದ್ದರು: ಎದುರಿನವರ ವಾದವನ್ನು ಮೊದಲು ಅವರಿಗಿಂತ ಚೆನ್ನಾಗಿ ನೀನೇ ಹೇಳು, ಆಮೇಲೆ ಮುರಿ. ಹೇಳಿದ್ದಾಯಿತು. ಈಗ ಮುರಿಯುತ್ತೇನೆ.

ಆರತಿ ಮುಕ್ಕಾಗಲಿಲ್ಲ ಎಂಬುದು ಬಂದವರಿಗೆ ಹೇಳುವ ಕಥೆ. ಬಾಗಿಲು ಹಾಕಿಕೊಂಡು ಹೆಂಗಸರು ತಮ್ಮತಮ್ಮಲ್ಲೇ ಹೇಳುವ ಕಥೆ ಬೇರೆಯೇ ಇದೆ: ಆರತಿ ಪುಡಿಯಾಗಿ ಬಂದಿತ್ತು, ನಾವು ಅದನ್ನು ಕರಗಿಸಿ ಮತ್ತೆ ಹೊಯ್ದೆವು, ಬೀಗತಿಗೆ ಗೊತ್ತೇ ಆಗಲಿಲ್ಲ, ಮತ್ತು ಗಿಣಿಯ ತಲೆಯನ್ನು ನನ್ನ ಸಣ್ಣ ತಂಗಿ ತಿಂದಳು. ಇದರ ಮೊದಲರ್ಧ ನಿಜ. ಅದಕ್ಕೆ ನಾನೇ ಸಾಕ್ಷಿ. ಉಳಿದರ್ಧದ ಮೇಲೆ ನನ್ನ ತಕರಾರು.

ನಮ್ಮ ಕಡೆ, ಮದುವೆ ಗೊತ್ತಾದ ಹುಡುಗಿಗೆ ಗೌರಿ ಹುಣ್ಣಿಮೆಗೆ ಗಂಡಿನ ಮನೆಯಿಂದ ಸೀರೆ, ಹೂವಿನ ದಂಡೆ, ಸಕ್ಕರೆ ಆರತಿ ಬರಬೇಕು. ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಹೊಯ್ದು ತೆಗೆದ ಗೊಂಬೆಗಳವು. ಅವನ್ನು ತಟ್ಟೆಯಲ್ಲಿ ನಿಲ್ಲಿಸಿ, ನಡುವೆ ದೀಪ ಹಚ್ಚಿ, ಹುಡುಗಿ ಗೌರಿಗೆ ಬೆಳಗುತ್ತಾಳೆ. ಆ ವರ್ಷ ಬೀಗತಿ ತಾನು ಮಧ್ಯಾಹ್ನದ ಬಸ್ಸಿಗೆ ಸೀರೆ ತಗೊಂಡು ಬರುತ್ತೇನೆಂದು ಹೇಳಿ, ಆರತಿಯ ಬುಟ್ಟಿಯನ್ನು ಮುಂಜಾನೆಯೇ ತನ್ನ ತಮ್ಮನ ಕೈಯಲ್ಲಿ ಕಳಿಸಿದ್ದಳು. ಆತ ಹತ್ತಿ ವ್ಯಾಪಾರಕ್ಕೆ ಲಿಂಗಸುಗೂರಿಗೆ ಹೊರಟವನು. ಬಸ್ಸಿನಿಂದ ಇಳಿಯಲೂ ಇಲ್ಲ. ಕಿಟಕಿಯಿಂದಲೇ ಬುಟ್ಟಿಯನ್ನು ಅಪ್ಪನ ಕೈಗೆ ದಾಟಿಸಿ, "ಕೂಸಿನಂಗ ತೊಡಿ ಮ್ಯಾಲ ಇಟಗೊಂಡು ಬಂದೀನ್ರೀ, ಜ್ವಾಕಿ!" ಎಂದು ಕೂಗಿಕೊಂಡು ಹೋದನಂತೆ. ಅಪ್ಪ ಬುಟ್ಟಿಯನ್ನು ಪಡಸಾಲೆಯಲ್ಲಿಟ್ಟು ಅಂಗಡಿಗೆ ಹೋದರು. ಆಮೇಲೆ ನಡೆದದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಬುಟ್ಟಿ ಬಿಚ್ಚಿದವಳು ಆಯಿ, ನಮ್ಮಪ್ಪನ ತಾಯಿ. ಹತ್ತಿಯ ಅರಳೆಯ ನಡುವೆ ಐದು ಗಂಟುಗಳಿದ್ದವು, ಹಳೆ ಧೋತರದ ಅರಿವೆಯಲ್ಲಿ ಒಂದೊಂದು ಗೊಂಬೆಯನ್ನು ಬೇರೆ ಬೇರೆ ಕಟ್ಟಿದ್ದರು. ಆಯಿ ಒಂದು ಗಂಟು ಬಿಚ್ಚಿದಳು: ಬಸವಣ್ಣ, ಮೂರು ತುಂಡು. ಎರಡನೆಯದು ಕುದುರೆ, ಎಷ್ಟು ತುಂಡೆಂದು ಹೇಳಲಾರೆ. ಗೋಪುರದ ಕಳಸ ಗೋಪುರದ ಕಾಲಬುಡದಲ್ಲಿತ್ತು. ನವಿಲು ಬರೀ ಗರಿ. ಕೊನೆಗೆ ಹಸಿರು ಬಣ್ಣದ ಗಿಣಿ. ಬಣ್ಣ ಹಾಕಿದ್ದು ಅದೊಂದಕ್ಕೇ, ಉಳಿದವೆಲ್ಲ ಬಿಳಿ.

ಅಡುಗೆಮನೆಯಲ್ಲಿ ಕರ್ಚಿಕಾಯಿ ಕರಿಯುತ್ತಿದ್ದ ಅವ್ವ ಬಂದವಳೇ ಕೈಯಲ್ಲಿದ್ದ ತೂತಿನ ಸವಟನ್ನು ನೆಲಕ್ಕಿಟ್ಟು, "ಅಯ್ಯ ಶಿವನ, ಮುಗೀತು" ಎಂದಳು.

ಮುಗೀತು ಎಂದದ್ದು ಸುಮ್ಮನಲ್ಲ. ಅದಕ್ಕೆ ಹಿಂದಿನ ವರ್ಷ ಗುರುಗುಂಟಾದ ಒಂದು ಮನೆಯವರು ಅಕ್ಕನನ್ನು ಒಪ್ಪಿ ಹೋಗಿದ್ದರು. ವಾರದೊಳಗೆ ಅವರ ಎತ್ತು ಬಾವಿಗೆ ಬಿತ್ತು. ಹುಡುಗಿಯ ಕಾಲ್ಗುಣ ಸರಿಯಿಲ್ಲ ಎಂದು ಹೇಳಿ ಕಳಿಸಿದರು. ಬಾವಿಗೆ ಕಟ್ಟೆ ಇರಲಿಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ನಾನೊಬ್ಬಳು ಬಿಟ್ಟು. ಈಗ ಎರಡನೇ ಸಂಬಂಧ, ಅದರ ಮೊದಲ ಹಬ್ಬ, ಆರತಿ ಚೂರುಚೂರು. ಬಾಗಿಲ ಬಳಿ ಒದ್ದೆ ಕೂದಲಲ್ಲಿ ನಿಂತಿದ್ದ ಅಕ್ಕ ಎಲ್ಲವನ್ನೂ ನೋಡಿದಳು. ಸಿಂಧನೂರಿನ ಈ ಹುಡುಗ ನೋಡಲು ಬಂದಾಗ ಅಡುಗೆಯ ಮಾತೆತ್ತದೆ, ಓದಲು ಏನಿಷ್ಟ ಎಂದು ಕೇಳಿದ್ದ. ಅಂದಿನಿಂದ ಅಕ್ಕ ಅಪ್ಪನ ಹಳೆ ಪತ್ರಿಕೆಗಳನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟುಕೊಂಡು ಓದುತ್ತಿದ್ದಳು.

"ಈ ಸಂಬಂಧ ತಪ್ಪಿದ್ರ ಇನ್ನೊಮ್ಮಿ ಯಾರ ಮುಂದೂ ಮಣಿ ಮ್ಯಾಲ ಕುಂದ್ರಂಗಿಲ್ಲ ನಾ" ಎಂದಳು ಅಕ್ಕ. ಅಳಲಿಲ್ಲ. ಅತ್ತಿದ್ದರೆ ನಾವು ಸಮಾಧಾನ ಮಾಡುತ್ತಿದ್ದೆವು, ಅಷ್ಟಕ್ಕೇ ಮುಗಿಯುತ್ತಿತ್ತು. ಅಳದೆ ಹೇಳಿದ್ದರಿಂದ ಆಯಿ ಎದ್ದು ನಿಂತಳು.

"ಅಚ್ಚು ತಗೀರಿ. ನೀರಾಗ ಹಾಕ್ರಿ. ಜಲ್ದಿ."

ಅಷ್ಟರಲ್ಲಿ ನನ್ನ ತಂಗಿ ಮತ್ತು ಕಾಕನ ಸಣ್ಣ ಮಗ ಇಬ್ಬರೂ ಪರಾತದ ಮೇಲೆ ತುಂಡುಗಳನ್ನು ಹೊಂದಿಸಿ ಕೂಡಿಸಲು ಕೂತಿದ್ದರು. ತಂಗಿಗೆ ಆಗ ಏಳು ವರ್ಷ, ಅವನಿಗೆ ನಾಕು. ಕುದುರೆ ಕೂಡಿತು, ಬಸವಣ್ಣ ಕೂಡಿದ, ನವಿಲಿಗೂ ಕೊರಳು ಸಿಕ್ಕಿತು. ಗಿಣಿಗೆ ಮಾತ್ರ ತಲೆ ಇಲ್ಲ. ಅರಿವೆ ಜಾಡಿಸಿದೆವು, ಅರಳೆ ಹಿಂಜಿ ನೋಡಿದೆವು. ಇಲ್ಲ.

ಅವ್ವ ತಂಗಿಯ ರಟ್ಟೆ ಹಿಡಿದಳು. "ತಿಂದಿ ಅಲ್ಲೇ? ಖರೇ ಹೇಳು!"

"ಇಲ್ಲಬೇ! ನಾ ತಿಂದಿಲ್ಲ!"

"ಮತ್ತ ಯಾರು ತಿಂದ್ರು, ಗೌರವ್ವ ತಿಂದ್ಲೇನು?"

ನಾನು ನಡುವೆ ಬಾಯಿ ಹಾಕಿದೆ. "ಏ, ನಾಲಿಗಿ ತಗಿ." ತೆಗೆದಳು. ಕೆಂಪಗೆ, ಸ್ವಚ್ಛ. "ಹಸರು ಬಣ್ಣದ ಸಕ್ಕರಿ ತಿಂದ ನಾಲಿಗಿ ಹಿಂಗಿರತೈತೇನಬೇ? ಇಲ್ಲಿ ಸಬೂತೇ ಇಲ್ಲ."

"ನಮ್ಮನಿ ವಕೀಲವ್ವ ಬಂದ್ಲು" ಎಂದಳು ಅವ್ವ. "ನೀರು ಕುಡದಾಳ, ತೊಳದು ಹೋಗೇತಿ." ವಾದ ಅಲ್ಲಿಗೆ ನಿಂತಿತು. ತಂಗಿಯ ತಲೆಗೆ ಆ ಆಪಾದನೆ ಅವತ್ತು ಅಂಟಿದ್ದು ಅಂಟಿತು.

ನನಗಿದ್ದ ಇನ್ನೊಂದು ಅನುಮಾನವನ್ನು ಆಯಿಯ ಮುಂದಿಟ್ಟೆ. "ಆಯೀ, ಅವರು ಕಳಿಸಿದ ಆರತಿ ಅಂತ ನಾವು ಮಾಡಿದ್ದನ್ನ ತೋರಿಸೋದು ಮೋಸ ಅಲ್ಲೇನು?"

ಆಯಿ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು. "ಸಕ್ಕರಿ ಯಾರದು?"

"ಅವರದು."

"ಮುರಿದ ರೊಟ್ಟಿ ಬೆಳ್ಳೊಳ್ಳಿ ಹಾಕಿ ಮುಟಿಗಿ ಮಾಡಿದ್ರ ಅದರಾಗಿನ ಜ್ವಾಳ ಬ್ಯಾರೆ ಆತೇನು? ಮಾತು ಸಾಕು, ಹಾಲು ತಾ."

ಚರ್ಚೆಗಳಲ್ಲಿ ನಾನು ಗೆದ್ದ ಡಾಲು ಆಗ ಗೋಡೆಯ ಮೇಲೆ ತೂಗುತ್ತಿತ್ತು. ಅದರ ಕೆಳಗೇ ನಿಂತು ನಾನು ಸೋತೆ. ಗಿಣಿಯ ತಲೆಯಷ್ಟು ಕಡಿಮೆ ಬಿದ್ದ ಸಕ್ಕರೆಯನ್ನು ಆಯಿ ನಮ್ಮ ಡಬ್ಬಿಯಿಂದ ಒಂದು ಹಿಡಿ ತೆಗೆದು ಸೇರಿಸಿದಾಗ, "ಈಗ ಜ್ವಾಳ ಬ್ಯಾರೆ ಆತಲ್ಲ?" ಎಂದು ಮತ್ತೆ ಕೆಣಕಿದೆ.

"ಅವರ ಸಕ್ಕರ್ಯಾಗ ನಮ್ಮ ಸಕ್ಕರಿ ಕೂಡಿತು" ಎಂದಳು ಆಯಿ, ತಿರುಗಿ ಕೂಡ ನೋಡದೆ. "ಸಂಬಂಧ ಅಂದ್ರ ಮತ್ತೇನಲೇ?"

ಅವತ್ತಿನ ಮುಂಜಾನೆಯ ಕೆಲಸವನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ, ಭಯದ ನೆನಪು ಹಿಂದೆ ಸರಿಯುತ್ತದೆ. ನೆಂದ ಅಚ್ಚುಗಳ ಎರಡೆರಡು ಹೋಳುಗಳನ್ನು ಜೋಡಿಸಿ ಹುರಿಯಿಂದ ಬಿಗಿಯುವ ಕೆಲಸ ತಂಗಿಯದು. ಅವಳು ಹಲ್ಲಿನಿಂದ ಹುರಿ ಎಳೆದು ಗಂಟು ಹಾಕುತ್ತಿದ್ದಳು. ಸಣ್ಣವನು ಅಚ್ಚಿನ ಮೇಲೆ ಕೂತು ತನ್ನ ಭಾರವನ್ನೆಲ್ಲ ಕೊಡುತ್ತಿದ್ದ. ಪಾಕ ಕುದಿಯುವಾಗ ಆಯಿ ಹಾಲು ಬಿಟ್ಟು ಮೇಲೆ ಬಂದ ಕಲ್ಮಶ ತೆಗೆದಳು. ಆಮೇಲೆ ಸವಟಿನಿಂದ ತಿರುವುದು ನನ್ನ ಪಾಳಿ: ಕೈ ನಿಂತರೆ ಪಾಕ ಕಲ್ಲು, ಬೇಗ ಇಳಿಸಿದರೆ ನೀರು. ಬೆಳ್ಳಗೆ ಬರುತ್ತಿದ್ದಂತೆ "ಹೊಯ್ಯಿ, ಹೊಯ್ಯಿ!" ಎಂದು ಎಲ್ಲರೂ ಕೂಗುವುದು, ಅಚ್ಚಿನ ಬಾಯಿಗೆ ಹೊಯ್ಯುವುದು, ಉಸಿರು ಹಿಡಿಯುವುದು. ಸಣ್ಣವನು ಅಚ್ಚಿಗೆ ಕಿವಿ ಹಚ್ಚಿ, "ಹುಟ್ಟಿತೇನು?" ಎಂದು ಕೇಳುತ್ತಿದ್ದ. ಅವನ ಅವಸರಕ್ಕೆ ಮೊದಲ ಕುದುರೆಯನ್ನು ಬೇಗ ಬಿಚ್ಚಿದೆವು, ಅದು ಮಂಡಿಯೂರಿ ಮಲಗಿಬಿಟ್ಟಿತು. ಮತ್ತೆ ಬೋಗುಣಿಗೆ ಹೋಯಿತು. ಅಕ್ಕ ಸೀರೆ ನೆರಿಗೆ ಎತ್ತಿಕಟ್ಟಿಕೊಂಡು ಬಂದು ಒಲೆಯ ಮುಂದೆ ಕೂತಳು. ತನ್ನ ಆರತಿಯನ್ನು ತಾನೇ ಹೊಯ್ದುಕೊಂಡ ಮದುಮಗಳು ನಮ್ಮ ಸೀಮೆಯಲ್ಲಿ ಬೇರೆ ಯಾರಾದರೂ ಇದ್ದಾರೋ ಕಾಣೆ.

ಬಸವಣ್ಣ, ಕುದುರೆ, ಗೋಪುರ, ನವಿಲು ಎಲ್ಲರ ಮನೆಯ ಅಚ್ಚಿನಲ್ಲೂ ಒಂದೇ ರೀತಿ ಇರುತ್ತವೆ. ತಂಟೆ ಬಂದದ್ದು ಐದನೆಯದಕ್ಕೆ. ನಮ್ಮಲ್ಲಿ ಗಿಣಿಯ ಅಚ್ಚಿಲ್ಲ. ಇದ್ದದ್ದು ಆನೆ. ಅದರ ಅಚ್ಚಿನ ಸೊಂಡಿಲಿನ ಭಾಗ ನಾವು ಹುಟ್ಟುವ ಮೊದಲೇ ಒಡೆದು, ಯಾರೋ ಕಟ್ಟಿಗೆಯ ಚೂರು ಬಡಿದು ಮುಚ್ಚಿದ್ದರು. ಹೀಗಾಗಿ ನಮ್ಮ ಮನೆಯ ಆನೆಗೆ ಸೊಂಡಿಲಿಲ್ಲ. ಪ್ರತಿವರ್ಷ ಮಕ್ಕಳು ಅದನ್ನು ಹಂದಿ ಎಂದು ಕರೆದು ಎಲ್ಲಕ್ಕಿಂತ ಮೊದಲು ತಿನ್ನುವುದು ರೂಢಿ. ಈಗ ಉಳಿದದ್ದು ಗಿಣಿಯ ಹಸಿರು ಸಕ್ಕರೆ. ಹೊಯ್ದೆವು. ಬಿಚ್ಚಿದೆವು.

ಹಸಿರು ಹಂದಿ.

ಅವ್ವ ಗೋಡೆಗೆ ಒರಗಿದಳು. ಅಕ್ಕ ಮಾತ್ರ ಬೆಳಗಿನಿಂದ ಮೊದಲ ಸಲ ನಕ್ಕಳು, ನಗುತ್ತಲೇ ಹೋದಳು, ಕೊನೆಗೆ ಸೆರಗು ಬಾಯಿಗೆ ತುರುಕಿಕೊಂಡಳು. ತಂಗಿ ಬೋಗುಣಿಯ ಅಂಚಿನ ಬಿಸಿ ಸಕ್ಕರೆಯನ್ನು ಕೆರೆದು, ಬೆರಳು ಊದಿಕೊಳ್ಳುತ್ತ ಹೊಸೆದು, ಒಂದು ಸೊಂಡಿಲು ಮಾಡಿ ಅಂಟಿಸಿದಳು. ಬಾಲವನ್ನು ಮುಂದೆ ಹಚ್ಚಿದಂತೆ ಕಾಣುತ್ತಿತ್ತು. ತಟ್ಟೆ ಎತ್ತಿದೊಡನೆ ಅದು ಉದುರಿತು. ಆಯಿ ಅದನ್ನೆತ್ತಿ ಸಣ್ಣವನ ಬಾಯಿಗಿಟ್ಟು, "ನುಂಗಲೇ ಸಬೂತು" ಎಂದಳು. "ಮತ್ತ ಕೇಳ್ರಿ ಇಬ್ರೂ. ಇದು ಆನಿ. ಯಾರರ ಹಂದಿ ಅಂದೀರಿ, ಕರ್ಚಿಕಾಯಿ ಇಲ್ಲ."

ಮಧ್ಯಾಹ್ನ ಬೀಗತಿ ಬಂದಳು. ಎತ್ತರದ ಹೆಂಗಸು. ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಕಾಲುವೆ ನೀರು ಬಂದರೆ ಮುಕ್ಕುಂದದ ಕಡೆಯ ಹಾಗೆ ತಾವೂ ಭತ್ತ ಹಚ್ಚುವುದಾಗಿ ಅಪ್ಪನ ಹತ್ತಿರ ಎರಡು ಮಾತಾಡಿ, ಒಳಗೆ ಬಂದು ಅಕ್ಕನಿಗೆ ಸೀರೆ ಉಡಿಸಿ, ದಂಡೆ ಮುಡಿಸಿ, ಮಣೆಯ ಮೇಲೆ ಕೂರಿಸಿದಳು. ದೀಪ ಹಚ್ಚುವ ಹೊತ್ತಿಗೆ ಅವ್ವ ತಟ್ಟೆ ತಂದಿಟ್ಟಳು. ಓಣಿಯ ಹೆಂಗಸರೂ ಸೇರಿದ್ದರು. ಬೀಗತಿ ಬಸವಣ್ಣನನ್ನು ನೋಡಿದಳು, ನವಿಲನ್ನು ನೋಡಿದಳು, ಹಸಿರು ಆನೆಯ ಮೇಲೆ ಕಣ್ಣು ಬಂತು, ಅಲ್ಲೇ ನಿಂತಿತು.

ಅಷ್ಟರಲ್ಲಿ ಸಣ್ಣವನು, ಕರ್ಚಿಕಾಯಿಯ ಆಸೆಗೆ, ಎಲ್ಲರಿಗೂ ಕೇಳುವಂತೆ, "ಅದು ಹಂದಿ ಅಲ್ರೀ, ಆನಿ!" ಎಂದ.

ಅಕ್ಕ ಕಣ್ಣು ಮುಚ್ಚಿದಳು. ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಬೀಗತಿ ಆನೆಯನ್ನು ಎರಡು ಬೆರಳಲ್ಲಿ ಹಿಡಿದು, ಅಕ್ಕನ ಕಡೆ ಮುಖ ಮಾಡಿ ನಿಲ್ಲಿಸಿ, "ಹೌದಪ್ಪಾ, ಆನೀನ" ಎಂದಳು. "ನಮ್ಮ ಮನ್ಯಾಗಿನ ಆನಿ ಹಿಂಗ ಇರತಾವು." ದೀಪ ಹಚ್ಚಿದಳು. ಹೆಂಗಸರು ಹಾಡಲು ಸುರು ಮಾಡಿದರು. ಅಕ್ಕ ತಟ್ಟೆ ಎತ್ತಿ ಗೌರಿಗೆ ಬೆಳಗಿದಳು.

ಹುಣ್ಣಿಮೆಯ ಮರುದಿನ ಆನೆಯನ್ನು ಬಿಸಿ ಹಾಲಿಗೆ ಹಾಕಿ ಮಕ್ಕಳು ಕುಡಿದರು. ಹಾಲು ಹಸಿರಾಗಿತ್ತು, ಇಬ್ಬರ ನಾಲಿಗೆಯೂ ಸಂಜೆಯವರೆಗೆ ಹಸಿರಾಗಿತ್ತು, ನೀರು ಕುಡಿದರೂ. ಇದನ್ನು ಅವ್ವನಿಗೆ ತೋರಿಸಿದೆ. ಅವಳು ನೋಡಲು ಒಪ್ಪಲಿಲ್ಲ.

ಈಗ ವಾದಕ್ಕೆ ಬರುತ್ತೇನೆ. ಬೀಗತಿಗೆ ಗೊತ್ತಾಗಲಿಲ್ಲ ಎನ್ನುವವರು, ಗಿಣಿ ಕಳಿಸಿದ ಹೆಂಗಸಿಗೆ ಆನೆ ಕಂಡೂ ಗೊತ್ತಾಗಲಿಲ್ಲ ಎನ್ನಬೇಕಾಗುತ್ತದೆ. ಆಕೆಗೆ ಗೊತ್ತಾಗಿತ್ತು. ಗೊತ್ತಾಗಿಯೂ ಓಣಿಯ ಹೆಂಗಸರ ಮುಂದೆ ಸುಳ್ಳು ಹೇಳಿದಳು. ದೊಡ್ಡ ಮನಸ್ಸು, ಒಪ್ಪುತ್ತೇನೆ. ಆದರೆ ಅಷ್ಟೇ ಎಂದರೆ ಗಿಣಿಯ ತಲೆ ಎಲ್ಲಿ ಹೋಯಿತು? ಉಳಿದ ನಾಲ್ಕೂ ಗೊಂಬೆಗಳ ಚೂರುಗಳು ಆಯಾ ಗಂಟಿನಲ್ಲೇ ಇದ್ದವು, ಯಾಕೆಂದರೆ ಅವು ಬಸ್ಸಿನಲ್ಲಿ ಒಡೆದವು. ಗಿಣಿಯ ಗಂಟನ್ನೂ ಬಿಗಿಯಾಗಿಯೇ ಕಟ್ಟಿದ್ದರು, ಆಯಿ ಉಗುರು ಹಾಕಿ ಬಿಚ್ಚಿದ್ದನ್ನು ನಾನು ನೋಡಿದ್ದೇನೆ.

ಈ ವರ್ಷದ ಗೌರಿ ಹುಣ್ಣಿಮೆಗೆ ಸಿಂಧನೂರಿಗೆ ಹೋಗಿದ್ದೆ, ತಂಗಿಯನ್ನೂ ಕರೆದುಕೊಂಡು. ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡು ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ತಿಂಗಳು. ಊರಿನಲ್ಲೆಲ್ಲ ಅದೇ ಮಾತು, ಅಡುಗೆಮನೆಯಲ್ಲಿ ಮಾತ್ರ ಪಾಕದ ಮಾತು. ಅಕ್ಕ ಬಾಗಿಲಲ್ಲಿ ಕೂತು ಕೂಸಿಗೆ ಹಾಲು ಕುಡಿಸುತ್ತ ಪುಸ್ತಕ ಓದುತ್ತಿದ್ದಳು. ಅದನ್ನು ಅವಳ ಗಂಡ ರಾಯಚೂರಿನಿಂದ ತಂದದ್ದು. ಅವಳ ಅತ್ತೆ, ಅಂದರೆ ಅದೇ ಬೀಗತಿ, ಪಾಕ ಹೊಯ್ಯುತ್ತಿದ್ದಳು, ತಂಗಿ ಹುರಿ ಬಿಗಿಯುತ್ತಿದ್ದಳು. ಗಿಣಿಯ ಅಚ್ಚನ್ನು ನಾನು ಮೊದಲ ಸಲ ಕಂಡದ್ದು ಅವತ್ತೇ. ಗಿಣಿಯ ಕುತ್ತಿಗೆ ನನ್ನ ಕಿರುಬೆರಳಿಗಿಂತ ತೆಳು. ಅತ್ತೆ ಅಚ್ಚು ಬಿಚ್ಚಿದಳು. ಮೈ ಒಂದು ಹೋಳಿನಲ್ಲಿ ಉಳಿಯಿತು, ತಲೆ ಇನ್ನೊಂದರಲ್ಲಿ. ಆಕೆ ಆಶ್ಚರ್ಯಪಡಲಿಲ್ಲ. ತಲೆಯನ್ನು ಸದ್ದಿಲ್ಲದೆ ತೆಗೆದು ಬೋಗುಣಿಗೆ ಹಾಕಲು ಕೈ ಚಾಚಿದಳು.

ಎರಡು ವರ್ಷದಿಂದ ಮನೆಯ ಹೆಂಗಸರ ಬಾಯಲ್ಲಿ ಗಿಣಿಗಳ್ಳಿ ಎನಿಸಿಕೊಂಡ ನನ್ನ ತಂಗಿ, ಹಲ್ಲಿನಲ್ಲಿ ಹುರಿ ಕಚ್ಚಿಕೊಂಡೇ ಆ ಕೈಯನ್ನು ನೋಡುತ್ತಿದ್ದಳು.

ನಾನು ಕೇಳಿದೆ: "ಅತ್ತೀ, ಖರೇ ಹೇಳ್ರಿ. ಆ ವರ್ಷ ನಿಮ್ಮ ತಮ್ಮ ಬಸ್ಸಿಗೆ ಹೊಂಟು ನಿಂತಾನ, ಮತ್ತ ಹೊಯ್ಯಾಕ ಹೊತ್ತಿಲ್ಲ, ಈ ಸಂಬಂಧ ಎಲ್ಲಿ ತಪ್ಪತೈತೋ ಅಂತ ನಿಮ್ಮ ಎದಿನೂ ಹಾರಿ, ತಲಿ ಇಲ್ಲದ ಗಿಣಿನ ಗಂಟು ಕಟ್ಟಿ ಕಳಿಸಿದವರು ನೀವ ಅಲ್ರೇನು?"