ಖುರ್ಷೀದಬೇಗಂ ಕೂಡಿಸಿದ ಎಂಜಿನ್

ಬಾಷುಮಿಯಾನ ಮಾತು ನಿಂತದ್ದು ಡಿಸೆಂಬರಿನ ಒಂದು ಶುಕ್ರವಾರ, ನಮಾಜಿಗೆ ಹೊರಟು ಚಪ್ಪಲಿ ಮೆಟ್ಟುವ ಹೊತ್ತಿನಲ್ಲಿ. ಬಲಗೈ ಜೋತುಬಿತ್ತು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಗೋಡೆಗೆ ಒರಗಿಕೊಂಡೇ ನೆಲಕ್ಕೆ ಜಾರಿದ. ಕಲಬುರಗಿಯ ಆಸ್ಪತ್ರೆಯಲ್ಲಿ ಹದಿನೇಳು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಜೀವ ಉಳಿಯಿತು. ಬಲಗಾಲನ್ನು ಎಳೆದುಕೊಂಡು ಗೋಡೆ ಹಿಡಿದು ನಡೆಯುವಷ್ಟಾಯಿತು. ಬಲಗೈ ಮಾತ್ರ ಆಮೇಲೆ ಏನನ್ನೂ ಹಿಡಿಯಲಿಲ್ಲ. ಮಾತಿನ ಬಗ್ಗೆ ಕೇಳಿದಾಗ ಡಾಕ್ಟರು, ಬರುವುದಿದ್ದರೆ ಮೊದಲ ಆರು ತಿಂಗಳಲ್ಲೇ ಬರಬೇಕು, ಆಮೇಲೆ ಕಷ್ಟ ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು. ಖುರ್ಷೀದಬೇಗಂ ಆ ಆರು ತಿಂಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿಕೊಂಡು ಗಂಡನನ್ನು ಶಹಾಪುರಕ್ಕೆ ಕರೆತಂದಳು.

ಶಹಾಪುರದಲ್ಲಿ ಒಂದು ಕಾಲಕ್ಕೆ ಬಾಷುಮಿಯಾ ಅಂದರೆ ಕಾರ್ಬುರೇಟರ್, ಕಾರ್ಬುರೇಟರ್ ಅಂದರೆ ಬಾಷುಮಿಯಾ. ಭೀಮರಾಯನಗುಡಿ ರಸ್ತೆಯಲ್ಲಿ ಆತನದೊಂದು ಅಂಗಡಿಯಿತ್ತು. ಸುರಪುರದ ವಕೀಲರ ಅಂಬಾಸಡರ್, ಯಾದಗಿರಿಯ ಡಾಕ್ಟರ ಫಿಯಾಟ್, ಹಳ್ಳಿ ಗೌಡರ ಪೆಟ್ರೋಲ್ ಜೀಪು, ಎಲ್ಲವೂ ಕೆಮ್ಮುತ್ತ ಬಂದು ಆತನ ಮುಂದೆ ನಿಲ್ಲುತ್ತಿದ್ದವು. ಆತ ಬಾನೆಟ್ ಎತ್ತಿ, ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳುವನು. ಆಮೇಲೆ ಒಂದು ಸ್ಕ್ರೂ ಕಾಲು ಸುತ್ತು ಈಚೆಗೆ, ಇನ್ನೊಂದು ಕಾಲು ಸುತ್ತು ಆಚೆಗೆ. ಅಂಥ ಗಾಡಿಗಳು ರಸ್ತೆಯಿಂದ ಒಂದೊಂದಾಗಿ ಮಾಯವಾದ ಮೇಲೆ ಅಂಗಡಿಯ ಬಾಗಿಲು ಹಾಕಿದ. ಸುರಪುರದ ವಕೀಲರ ಮನೆಯವರು ಬೇಡವೆಂದು ಬಿಟ್ಟುಕೊಟ್ಟಿದ್ದ ಅರವತ್ತೆಂಟನೇ ಇಸವಿಯ ಅಂಬಾಸಡರನ್ನು ಮನೆಯ ಅಂಗಳಕ್ಕೆ ತಂದು, ತಗಡಿನ ಶೆಡ್ಡು ಹಾಕಿ, ಎಂಜಿನ್ ಪೂರ್ತಿ ಬಿಚ್ಚಿದ್ದ. ಅರ್ಧ ಕೂಡಿಸುವಷ್ಟರಲ್ಲಿ ಆ ಶುಕ್ರವಾರ ಬಂತು.

ಖುರ್ಷೀದಬೇಗಂ ಮೂವತ್ತೊಂದು ವರ್ಷದ ಸಂಸಾರದಲ್ಲಿ ಒಂದು ಸಲವೂ ಬಾನೆಟ್ಟಿನೊಳಗೆ ಇಣುಕಿದವಳಲ್ಲ. ಆಕೆಯ ಕಸುಬು ಕೌದಿ ಹೊಲಿಯುವುದು. ತವರು ದೋರನಹಳ್ಳಿ. ಅಲ್ಲಿ ಓಣಿಯ ರೇಣಮ್ಮನ ಜೊತೆ ಕೂತು ಕಲಿತ ಕೈ. ಹಳೆ ಸೀರೆಯ ನಾಲ್ಕು ಪದರ ಇದೆಯೋ ಐದಿದೆಯೋ ಎಂಬುದನ್ನು ಕಣ್ಣು ಮುಚ್ಚಿ ಬೆರಳಲ್ಲೇ ಹೇಳುತ್ತಿದ್ದಳು. ಮಗಳು ಅರ್ಜುಮಂದ ಗುರುಮಠಕಲ್ಲಿಗೆ ಮದುವೆಯಾಗಿ ಹೋಗಿದ್ದಳು. ಮಗ ತೌಫೀಕ್ ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು, ವಾರದ ರಜೆಗೆ ಮನೆಗೆ ಬರುವನು.

ಮೊದಲ ಮೂರು ತಿಂಗಳು ಬಾಷುಮಿಯಾನ ಬಾಯಿಂದ 'ಅನ, ಅನ' ಎಂಬುದೊಂದೇ ಸದ್ದು. ನೀರು ಬೇಕಾದರೂ ಅದೇ, ಸಿಟ್ಟು ಬಂದರೂ ಅದೇ. ಅರ್ಜುಮಂದ ಫೋನಿನಲ್ಲಿ 'ಅಬ್ಬಾ, ಅಬ್ಬಾ' ಎಂದು ಕರೆದರೆ ಕಣ್ಣಲ್ಲಿ ನೀರು ಬರುತ್ತಿತ್ತೇ ಹೊರತು ಒಂದು ಶಬ್ದವಿಲ್ಲ. ಮಾರ್ಚಿನಲ್ಲಿ ಒಂದು ಮುಂಜಾನೆ ಖುರ್ಷೀದ ಆತನನ್ನು ಶೆಡ್ಡಿನ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿ ಕಸ ಹೊಡೆಯುತ್ತಿದ್ದಳು. ನೆಲದ ಮೇಲೆ ಗೋಣಿತಟ್ಟಿನ ಮೇಲಿಟ್ಟಿದ್ದ ಕಬ್ಬಿಣದ ಸಾಮಾನುಗಳನ್ನು ಬದಿಗೆ ಸರಿಸಲು ಕೈ ಹಾಕಿದಳು.

"ಇಡು ಅಲ್ಲೇ."

ಖುರ್ಷೀದ ಕಸಬರಿಗೆ ಕೈಬಿಟ್ಟಳು. ಗಂಡನ ಕಡೆ ತಿರುಗಿದಳು. ಆತನೂ ತನ್ನ ಬಾಯಿಗೆ ತಾನೇ ಬೆರಗಾದವನ ಹಾಗೆ ಕೂತಿದ್ದ. ಮನೆಯಲ್ಲಿ ಗಂಡ ಹೆಂಡತಿ ಮಕ್ಕಳು ಯಾವತ್ತೂ ಆಡುತ್ತಿದ್ದದ್ದು ದಖನಿ ಉರ್ದು. ಈ ಎರಡು ಶಬ್ದ ಕನ್ನಡದವು, ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮೂವತ್ತು ವರ್ಷ ಆಡಿದ ಮಾತು. ಆಕೆ ದಖನಿಯಲ್ಲಿ ಏನೋ ಕೇಳಿದಳು. ಆತ 'ಅನ, ಅನ' ಎಂದ. ಒಂದು ಕ್ಷಣ ಯೋಚಿಸಿ, ದೋರನಹಳ್ಳಿಯ ಕನ್ನಡದಲ್ಲಿ ಕೇಳಿದಳು.

"ಇದೇನ್ರಿ ಇದು? ಇದರ ಹೆಸರೇನು?"

"ವಾಲ್ವು," ಎಂದ ಬಾಷುಮಿಯಾ.

ಮನೆಯ ಮಾತು ಹೋಗಿತ್ತು, ಅಂಗಡಿಯ ಮಾತು ಯಾವುದೋ ಮೂಲೆಯಲ್ಲಿ ಉಳಿದಿತ್ತು. ಅದು ಹ್ಯಾಗೆ ಎಂದು ಆಕೆ ಯಾರನ್ನೂ ಕೇಳಲಿಲ್ಲ. ಆಗ ಉಳಿದಿದ್ದದ್ದು ಮೂರು ತಿಂಗಳು. ಮರುದಿನದಿಂದ ಅಡಿಗೆ ಮುಗಿಸಿ, ಸೆರಗು ಸೊಂಟಕ್ಕೆ ಬಿಗಿದು, ಶೆಡ್ಡಿನಲ್ಲಿ ಕೂತಳು. ಎಂಜಿನ್ ಕೂಡಿಸುವ ಕೈ ತನ್ನದು, ಹೇಳುವ ಬಾಯಿ ಆತನದು ಎಂದು ಒಳಗೊಳಗೇ ನಿಶ್ಚಯ ಮಾಡಿಕೊಂಡಿದ್ದಳು. ಅದನ್ನು ಗುಜರಿಗೆ ಹಾಕಿ ಅಂಗಳ ಖಾಲಿ ಮಾಡೋಣ ಎಂದು ತೌಫೀಕ್ ಪ್ರತಿ ವಾರ ಹೇಳುತ್ತಿದ್ದ. ತಂದೆ "ಹದಿನೈದು" ಎಂದು ಸ್ಪಷ್ಟವಾಗಿ ಹೇಳಿದ್ದನ್ನು ಒಮ್ಮೆ ಕಿವಿಯಾರೆ ಕೇಳಿದ ಮೇಲೆ ಗುಜರಿಯ ಮಾತು ಬಿಟ್ಟ. ಮುಂದಿನ ವಾರ ಬರುವಾಗ ಬ್ಯಾಟರಿ ಹೊತ್ತು ತಂದ.

ಹದಿನೈದು ಎಂದರೆ ವಾಲ್ವಿನ ತಲೆಗೂ ಅದನ್ನು ಒತ್ತುವ ತೋಳಿಗೂ ನಡುವೆ ಬಿಡಬೇಕಾದ ಸಂದು, ಟ್ಯಾಪೆಟ್ ಸಂದು. ಉಕ್ಕಿನ ತೆಳ್ಳನೆಯ ಪಟ್ಟಿಗಳಿರುವ ಒಂದು ಗೇಜು ಇತ್ತು. ಹದಿನೈದು ಎಂದು ಕೊರೆದ ಪಟ್ಟಿಯನ್ನು ಆ ಸಂದಿನಲ್ಲಿ ತೂರಿಸಿ ಎಳೆದರೆ ಬಿಗಿಯೂ ಆಗಬಾರದು, ಸಡಿಲವೂ ಆಗಬಾರದು. ಖುರ್ಷೀದಳಿಗೆ ಅದು ಎರಡೇ ದಿನದಲ್ಲಿ ಸಿದ್ಧಿಸಿತು. ದಪ್ಪ ಕೌದಿಯಲ್ಲಿ ದಾರ ಎಳೆಯುವಾಗಿನ ತಡೆಯೇ ಅಲ್ಲಿಯೂ ಇತ್ತು. ಎಂಟೂ ವಾಲ್ವು ಮುಗಿಸಿದಾಗ ಬಾಷುಮಿಯಾ ಎಡಗೈಯಿಂದ ಪಟ್ಟಿಯನ್ನು ತಾನೇ ಎಳೆದು ನೋಡಿ, ಆಕೆಯ ಮುಖವನ್ನು ಬಹಳ ಹೊತ್ತು ನೋಡಿದ.

ಎಲ್ಲ ಶಬ್ದಗಳೂ ಸರಿಯಾಗಿ ಬರುತ್ತಿರಲಿಲ್ಲ. ಅಂಕಿಗಳು ಯಾವತ್ತೂ ತಪ್ಪುತ್ತಿರಲಿಲ್ಲ. ಪ್ಲಗ್ಗುಗಳು ಉರಿಯುವ ಕ್ರಮ "ಒಂದು, ಮೂರು, ನಾಕು, ಎರಡು" ಎಂದು ಸರಾಗವಾಗಿ ಹೇಳುವನು. ಆದರೆ ಕಾರ್ಬುರೇಟರಿಗೆ 'ಚಹಾ' ಎನ್ನುವನು, ಸ್ಕ್ರೂಡ್ರೈವರಿಗೆ 'ಚಮಚಾ', ಪ್ಲಗ್ಗಿಗೆ 'ಮೆಣಸಿನಕಾಯಿ'. ತಪ್ಪು ಶಬ್ದ ಬಾಯಿಂದ ಬಿದ್ದದ್ದು ಆತನಿಗೂ ಗೊತ್ತಾಗುತ್ತಿತ್ತು. ಹಣೆ ಬಡಿದುಕೊಳ್ಳುವನು. ಆಕೆ ಒಂದೊಂದೇ ಸಾಮಾನು ಎತ್ತಿ ತೋರಿಸುವಳು. "ಇದೇನ್ರಿ? ಇದಲ್ಲಾ? ಹಂಗಾರ ಇದು?" ಹೀಗೆ ಒಂದು ಶಬ್ದಕ್ಕೆ ಕಾಲು ಗಂಟೆ ಹೋಗುತ್ತಿತ್ತು. ಏಪ್ರಿಲ್ ಮುಗಿಯುವಷ್ಟರಲ್ಲಿ ಇಪ್ಪತ್ತಾರು ಶಬ್ದ ಸರಿಯಾಗಿದ್ದವು.

ಎಂಜಿನ್ ಕೂಡಿತು, ಹತ್ತಲಿಲ್ಲ. ಖುರ್ಷೀದ ಗಾಡಿಯ ಮುಂದೆ ನಿಂತು ಹ್ಯಾಂಡಲ್ ಹೊಡೆದು ಹೊಡೆದು ಅಂಗೈಯಲ್ಲಿ ಬೊಕ್ಕೆ ಎಬ್ಬಿಸಿಕೊಂಡಳು. ಪ್ಲಗ್ಗು ಬಿಚ್ಚಿ ಎಂಜಿನ್ನಿಗೆ ತಾಗಿಸಿ ನೋಡಿದರೆ ಕಿಡಿ ನೀಲಿಯಾಗಿಯೇ ಇತ್ತು. ಪೆಟ್ರೋಲೂ ಬರುತ್ತಿತ್ತು. ಮತ್ತೆ ಹೊಡೆದರೆ ಕಾರ್ಬುರೇಟರಿನ ಬಾಯಿಂದಲೇ ಢಮ್ಮೆಂದು ಬೆಂಕಿ ಉಗುಳಿತು. ಆಕೆ ಕಿರುಚಿ ಹಿಂದೆ ಸರಿದಳು. ಬಾಷುಮಿಯಾ ಡಿಸೆಂಬರಿನಿಂದ ಮೊದಲ ಸಲ ನಕ್ಕ.

"ಉಲ್ಟಾ," ಎಂದ. ಎಡಗೈಯನ್ನು ತಿರುಗಿಸಿ ತೋರಿಸಿದ. "ಉಲ್ಟಾ ಅದ."

ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಆಕೆ ಅರ್ಧ ಸುತ್ತು ತಿರುಗಿಸಿ ಕೂರಿಸಿದ್ದಳು. ಬಿಚ್ಚಿ ಸರಿಮಾಡಿ, ಬಿಸ್ಮಿಲ್ಲಾ ಎಂದು ಹ್ಯಾಂಡಲ್ ಹೊಡೆದಳು. ಮೂರನೇ ಸುತ್ತಿಗೆ ಎಂಜಿನ್ ಹತ್ತಿತು. ತಗಡಿನ ಶೆಡ್ಡು ಗಡಗಡ ನಡುಗಿತು, ಓಣಿಯ ಕೋಳಿಗಳೆಲ್ಲ ಚದುರಿದವು. ಬಾಷುಮಿಯಾ ಕುರ್ಚಿಯಿಂದ ತಾನೇ ಎದ್ದು ಬಂದು, ಎಡಗೈಯನ್ನು ಎಂಜಿನ್ನಿನ ಮೇಲಿಟ್ಟು, ಕಣ್ಣು ಮುಚ್ಚಿ ಕೇಳಿದ. ಓಟ ಒಂದೇ ಸಮ ಇರಲಿಲ್ಲ, ಒಂದು ಉಸಿರು ತಪ್ಪುತ್ತಿತ್ತು. "ಸ್ವಲ್ಪ... ಬಿಡು," ಎಂದ. ಆಕೆ ಕಾರ್ಬುರೇಟರಿನ ಕೆಳಗಿನ ನಟ್ಟನ್ನು ಕೂದಲೆಳೆಯಷ್ಟು ಬಿಟ್ಟಳು. "ಇನ್ನಷ್ಟು. ಸಾಕು, ಸಾಕು." ಎರಡೇ ನಿಮಿಷ ಓಡಿಸಿ ಬಂದ್ ಮಾಡಿಸಿದ. ರೇಡಿಯೇಟರಿನ ನೀರು ಕೆಂಪಗೆ ತುಕ್ಕಾಗಿತ್ತು. ಅದನ್ನು ಕೆಳಗಿನ ನಳದಿಂದ ಚೆಲ್ಲಿ, ಸಂಜೆಗೆ ಹೊಸ ನೀರು ತುಂಬಿದರು. ನಾಳೆ ಪೂರ್ತಿ ಟ್ಯೂನಿಂಗ್. ಅಂದು ರಾತ್ರಿ ಆಕೆ ಅರ್ಜುಮಂದಳಿಗೆ ಫೋನ್ ಮಾಡಿ, ಅಬ್ಬಾ ಮಾತಾಡಕತ್ಯಾರ ಎಂದು ಕನ್ನಡದಲ್ಲೇ ಹೇಳಿ ತಾನೇ ನಕ್ಕಳು.

ನೀರು ಚೆಲ್ಲಿದ ಮೇಲೆ ಕೆಳಗಿನ ನಳವನ್ನು ಆಕೆ ತಿರುಗಿಸಿ ಮುಚ್ಚಿದ್ದಳು. ಅದರ ಬಾಯಿಗೆ ತುಕ್ಕಿನ ಒಂದು ಚೂರು ಸಿಕ್ಕಿಕೊಂಡದ್ದು ಕಾಣಲಿಲ್ಲ. ಬೆಳಗಾಗುವಷ್ಟರಲ್ಲಿ ನೀರೆಲ್ಲ ಹನಿಹನಿಯಾಗಿ ಸೋರಿ ನೆಲಕ್ಕೆ ಇಂಗಿತ್ತು.

ಮುಂಜಾನೆ ಚಹಾ ಕುಡಿದು ಬಂದ ಬಾಷುಮಿಯಾ ಗಾಡಿಯ ಮೂತಿಯ ಕೆಳಗೆ ಹಸಿ ಮಣ್ಣು ನೋಡಿದ. ಆಕೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು.

"ಗಾದಿ!" ಎಂದು ಕೂಗಿದ.

ಆಕೆ ಕೈ ಒರೆಸಿಕೊಂಡು ಓಡಿಬಂದಳು. "ಏನ್ರಿ?"

"ಗಾದಿ. ಗಾದಿ!" ಎಡಗೈಯನ್ನು ಕೆಳಗೆ ಕೆಳಗೆ ಮಾಡಿ ತೋರಿಸಿದ. ಹಣೆಯ ಮೇಲೆ ಬೆವರಿತ್ತು. ಹಿಂದಿನ ದಿನ ಎದ್ದು ನಿಂತದ್ದಕ್ಕೆ ದಣಿವಾಗಿರಬೇಕು, ಮಲಗಬೇಕೆನ್ನುತ್ತಿದ್ದಾನೆ ಎಂದುಕೊಂಡಳು.

"ಹೌದ್ರಿ, ಹಾಸೇನಿ, ಬರ್ರಿ. ಆರಾಮ ಮಾಡ್ರಿ. ಮಧ್ಯಾನ ಮಾಡಿದರಾಯ್ತು."

ಆತ ತಲೆ ಅಲ್ಲಾಡಿಸಿದ. ಕೊಸರಿದ. ಆಕೆ ಸೊಂಟ ಬಳಸಿ, ಮಗುವನ್ನು ರಮಿಸುವಂತೆ ರಮಿಸಿ, ಒಳಗೆ ಕರೆದೊಯ್ದು ಗಾದಿಯ ಮೇಲೆ ಮಲಗಿಸಿದಳು. ಮತ್ತೆ ಎರಡು ಸಲ ಗಾದಿ ಎಂದ. "ಅದರ ಮ್ಯಾಲೇ ಮಲಗೀರಲ್ರಿ," ಎಂದಳು. ಆತ ಗೋಡೆಯ ಕಡೆ ಹೊರಳಿದ.

ಮಧ್ಯಾಹ್ನ ಬಿಸಿಲಿಗೆ ತಗಡು ಚಟಚಟ ಎನ್ನುತ್ತಿತ್ತು. ಆತನಿಗೆ ಮಂಪರು ಹತ್ತಿತ್ತು. ಆಕೆಗೆ ಒಂದು ಆಸೆ ಹುಟ್ಟಿತು. ತಾನೊಬ್ಬಳೇ ಎಂಜಿನ್ ಹಚ್ಚಿ, ಓಟ ಹದಕ್ಕೆ ತಂದು, ಆ ಸದ್ದಿನಿಂದಲೇ ಆತ ಏಳಬೇಕು. ಹ್ಯಾಂಡಲ್ ಹೊಡೆದಳು. ಒಂದೇ ಸಲಕ್ಕೆ ಹತ್ತಿತು. ನಟ್ಟನ್ನು ಆಚೆ ಈಚೆ ಮಾಡುತ್ತ ಕೇಳಿದಳು. ತಪ್ಪುತ್ತಿದ್ದ ಉಸಿರು ಕೂಡಿಕೊಂಡಿತು. ಓಟ ಒಂದೇ ಸಮ ಆಯಿತು, ರೇಷ್ಮೆ ಬಟ್ಟೆ ಹರಿದ ಹಾಗೆ. ಹತ್ತು ನಿಮಿಷ ಆಕೆ ಅದನ್ನು ಕೇಳುತ್ತ ನಿಂತಳು. ಕಾವು ತೋರಿಸುವ ಮುಳ್ಳು ಕೆಳಗೇ ಇತ್ತು. ನೀರೇ ಇಲ್ಲದ ಕಡೆ ಆ ಮುಳ್ಳಿಗೆ ಕಾವು ತಿಳಿಯುವುದಿಲ್ಲ ಎಂಬುದು ಆಕೆಗೆ ಗೊತ್ತಿರಲಿಲ್ಲ.

ಬಣ್ಣ ಸುಟ್ಟ ವಾಸನೆ ಬಂತು. ಸದ್ದು ಭಾರವಾಯಿತು. ಗಾಬರಿಯಿಂದ ಬಂದ್ ಮಾಡಿ, ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತೆಗೆದಳು. ಒಳಗೆ ಒಣಗಿತ್ತು. ಓಡಿಹೋಗಿ ನೀರಿನ ಹರವಿಯಿಂದ ಕೊಡ ತುಂಬಿ ತಂದು ಸುರಿದಳು.

ಕಾದ ಕಬ್ಬಿಣಕ್ಕೆ ತಣ್ಣೀರು ತಾಗಿ ಒಳಗೆಲ್ಲೋ ಟಣ್ ಎಂದು ಒಂದೇ ಒಂದು ಸದ್ದಾಯಿತು. ಆವಿ ಭುಸ್ಸೆಂದು ಎದ್ದಿತು. ಹಿಂದೆ ತಿರುಗಿದರೆ ಬಾಷುಮಿಯಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಅಲ್ಲಿಯವರೆಗೆ ಎಳೆದುಕೊಂಡು ಬರುವಷ್ಟರಲ್ಲಿ ಮೊಣಕಾಲು ತರಚಿ ರಕ್ತ ಬಂದಿತ್ತು.

"ಗಾದಿ," ಎಂದ ಮೆಲ್ಲಗೆ, ರೇಡಿಯೇಟರಿನ ಕಡೆ ಬೆರಳು ಮಾಡಿ.

ಆಗ ಆಕೆಗೆ ತಿಳಿಯಿತು. ಕೊಡ ಕೈಯಲ್ಲೇ ಇತ್ತು, ಅಲ್ಲೇ ಕೂತುಬಿಟ್ಟಳು.

ಮರುದಿನ ತೌಫೀಕ್ ರಜೆ ಹಾಕಿ ಬಂದು, ಲೇಥ್ ಅಂಗಡಿಯ ಬಸಲಿಂಗನನ್ನು ಕರೆತಂದ. ಬಾಷುಮಿಯಾನ ಜೊತೆ ಇಪ್ಪತ್ತು ವರ್ಷ ವ್ಯವಹಾರ ಇದ್ದ ಮನುಷ್ಯ. ಎಣ್ಣೆಯ ಕಡ್ಡಿ ಎತ್ತಿ ನೋಡಿದ. ಎಣ್ಣೆ ನೀರು ಸೇರಿ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಎಂಜಿನ್ನಿನ ಮೇಲಿನ ಹೆಡ್ಡು ಬಿಚ್ಚಿದ. ಸಿಲಿಂಡರುಗಳನ್ನು ಹೊತ್ತ ಬೀಡಿನ ಬ್ಲಾಕಿನ ಮೇಲೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣ ತಿಕ್ಕಿದ. ಸ್ವಲ್ಪ ಹೊತ್ತಿಗೆ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ನಡುವೆ, ಬಿಳಿಯ ಮೇಲೆ ಒಂದು ಕಪ್ಪು ಗೆರೆ ಮೂಡಿತು.

"ಬ್ಲಾಕ್ ಸೀಳ್ಯಾದವ್ವ," ಎಂದ.

"ಹೊಲಿಯಾಕ ಬರೂದಿಲ್ಲೇನ್ರಿ?"

"ಬೀಡು ಕಬ್ಬಿಣಕ್ಕ ಹೊಲಿಗಿ ಹಾಕೂದು ಅದ. ಆದ್ರ ಈ ಜಾಗದಾಗ ನಿಲ್ಲಂಗಿಲ್ಲ."

"ಬ್ಯಾರೇದು?"

"ಎಲ್ಲಿ ತರ್ತೀರಿ? ಹೈದರಾಬಾದಿನ್ಯಾಗೂ ಈಗ ಸಿಗೂದಿಲ್ಲ. ಸಿಕ್ಕಿದ್ದೂ ಹಿಂಥಾದ್ದೇ ಇರ್ತದ." ಬಸಲಿಂಗ ಕೈ ಒರೆಸಿಕೊಂಡು ಕುರ್ಚಿಯ ಕಡೆ ನೋಡಿದ. "ಉಸ್ತಾದ್, ಟ್ಯಾಪೆಟ್ ಯಾರು ಹಿಡದಾರ? ಭಾಳ ಛಂದ ಹಿಡದಾರ."

ಕುರ್ಚಿಯಲ್ಲಿದ್ದ ಬಾಷುಮಿಯಾ ಆ ಗೆರೆಯನ್ನೇ ನೋಡುತ್ತಿದ್ದ.

ಎಲ್ಲರೂ ಹೋದ ಮೇಲೆ ಖುರ್ಷೀದ ಆತನ ಕಾಲ ಬಳಿ ಕೂತು, ತಪ್ಪು ನನ್ನದು, ನಿಮ್ಮ ಮಾತು ನನಗ ತಿಳೀಲಿಲ್ಲ ಎಂದು ಕನ್ನಡದಲ್ಲಿ ಹೇಳಿದಳು. ದಖನಿಯಲ್ಲಿಯೂ ಹೇಳಿದಳು. ಆತ ಬೈದಿದ್ದರೂ ಚಲೋ ಇತ್ತು ಎನ್ನಿಸಿತು ಆಕೆಗೆ. ಆತ ಬಾಯಿ ತೆರೆದ, ಏನೋ ಹುಡುಕಿದ, ಮುಚ್ಚಿದ. ಅದೇ ಕೊನೆಯ ಹುಡುಕಾಟ ಎಂಬುದು ಆಕೆಗೆ ಆಗ ಗೊತ್ತಾಗಲಿಲ್ಲ.

ಆಮೇಲೆ ಆತ ಶೆಡ್ಡಿಗೆ ಬರಲಿಲ್ಲ. ಆಕೆ ಸಾಮಾನುಗಳನ್ನೇ ಒಳಗೆ ತಂದಳು. ಪ್ಲಗ್ಗು ಎತ್ತಿ ಹಿಡಿದು "ಇದೇನ್ರಿ?" ಎಂದು ಕೇಳಿದರೆ ಕಣ್ಣು ಮುಚ್ಚಿಕೊಳ್ಳುವನು. ಅಂಕಿಗಳಾದರೂ ಬರಲಿ ಎಂದು "ಒಂದು, ಮೂರು..." ಎಂದು ಶುರು ಮಾಡಿ ಬಿಡುವಳು. ಮುಂದಿನದು ಬರಲಿಲ್ಲ. ಮಾತನ್ನು ತಪ್ಪಾಗಿ ಆಡುವುದಕ್ಕಿಂತ ಆಡದಿರುವುದೇ ಲೇಸೆಂದು ಆತ ತೀರ್ಮಾನಿಸಿದ್ದನೋ, ರೋಗವೇ ಹಾಗಿತ್ತೋ, ಯಾರೂ ಹೇಳಲಿಲ್ಲ. ಜೂನಿನಲ್ಲಿ ಆರು ತಿಂಗಳು ತುಂಬಿದವು. ಮತ್ತೆ ಕಲಬುರಗಿಗೆ ಕರೆದೊಯ್ದಾಗ ಡಾಕ್ಟರು ಗುಳಿಗೆ ಬದಲಿಸಿ ಬರೆದುಕೊಟ್ಟರು.

ಬ್ಲಾಕನ್ನು ತೌಫೀಕ್ ಗೆಳೆಯರ ಜೊತೆ ಎತ್ತಿ ಗುಜರಿಗೆ ಸಾಗಿಸಿದ. ಗಾಡಿಯ ಕವಚ ಮಾತ್ರ ಶೆಡ್ಡಿನಲ್ಲಿ ಉಳಿಯಿತು.

ಮಳೆಗಾಲದ ಕೊನೆಗೆ, ಕೊಡೇಕಲ್ಲಿನ ಭಗವಂತರಾಯ ಎಂಬವನು ಹಳೆಯ ಪೆಟ್ರೋಲ್ ಜೀಪು ತೆಗೆದುಕೊಂಡು ಬಾಷುಮಿಯಾನನ್ನು ಹುಡುಕಿಕೊಂಡು ಬಂದ. ಆತನ ಸ್ಥಿತಿ ಗೊತ್ತಿಲ್ಲದೆ ಬಂದವನು. ಜೀಪು ಓಣಿಯಲ್ಲಿ ನಿಂತು ಗುಕ್ಕು ಗುಕ್ಕು ಓಡುತ್ತಿತ್ತು. ಖುರ್ಷೀದ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿದಳು.

"ಗಾಳಿ ಒಳಗ ಹೊಗಾಕತ್ಯಾದ್ರಿ ಅದಕ್ಕ," ಎಂದಳು. "ಕಾರ್ಬುರೇಟರಿನ ಬುಡದ ಪ್ಯಾಕಿಂಗ್ ನೋಡಿಸ್ರಿ. ಹರದಿರ್ತದ."

ಆತ ಬೆರಗಾಗಿ, "ನೀವೇ ನೋಡ್ರಿ ಮತ್ತ," ಎಂದ. ಆಕೆ ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದಳು. ಜೀಪು ಹೋಯಿತು.

ಒಳಗೆ ಬಂದರೆ ಬಾಷುಮಿಯಾ ಎಚ್ಚರವಾಗಿಯೇ ಇದ್ದ. ಜೀಪಿನ ಸದ್ದು ಆತನಿಗೂ ಕೇಳಿಸಿರಲೇಬೇಕು. "ಪ್ಯಾಕಿಂಗ್ ಹೋಗ್ಯಾದ ಅಂತ ಹೇಳೇನಿ," ಎಂದಳು ಆಕೆ, ಮಂಚದ ಪಕ್ಕ ಕೂತು. "ಖರೇ ಹೇಳೀನೋ ಇಲ್ಲೋ?"

ಆತ ಮುಖ ತಿರುಗಿಸಲಿಲ್ಲ. ಆಕೆ ಇನ್ನೊಮ್ಮೆ ಕೇಳಿದಳು. ಆಮೇಲೆ ಗುಳಿಗೆಯ ಹೊತ್ತಾಯಿತೆಂದು ನೀರು ತರಲು ಎದ್ದಳು.