ಮಂದಾಕಿನಿ ಅಕ್ಕನ ಡಬ್ಬಿಯಲ್ಲಿ ಹೆಚ್ಚಾದ ಐನೂರನಲವತ್ತು ಗ್ರಾಂ

...ಹಾಗಾಗಿ ಮೊಟ್ಟೆಯ ವಿಷಯ ಸುಳ್ಳಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ. ಅಂಕೋಲೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೊರಿಯರ್ ಬುಕಿಂಗ್ ಅಂಗಡಿ ಇಟ್ಟಿರುವ ಮಂದಾಕಿನಿ ಅಕ್ಕ, ಹೊಸ ನಮೂನೆಯ ರಟ್ಟಿನ ಡಬ್ಬಿ ಬಂದಾಗಲೆಲ್ಲ ಅದರೊಳಗೆ ಒಂದು ಕೋಳಿಮೊಟ್ಟೆ ಇಟ್ಟು, ಸುತ್ತ ಕಾಗದ ತುರುಕಿ, ಸೊಂಟದ ಎತ್ತರದಿಂದ ನೆಲಕ್ಕೆ ಬಿಡುತ್ತಾರೆ. ಒಂದು ಸಲ ಅಲ್ಲ, ಆರು ಸಲ, ಆರೂ ಮಗ್ಗುಲಿಗೆ. ಮೊಟ್ಟೆ ಉಳಿದರೆ ಆ ಡಬ್ಬಿಗೆ ಲ್ಯಾಪ್‌ಟಾಪು, ಕ್ಯಾಮೆರಾ, ಮೊಬೈಲು. ಒಡೆದರೆ ಬಟ್ಟೆಬರೆ.

ನನ್ನ ಲ್ಯಾಪ್‌ಟಾಪು ರಿಪೇರಿಗೆ ಕಳಿಸಲು ಹೋದ ದಿನ "ಒಡೆಯುವ ವಸ್ತು ಅಂತ ಕೆಂಪು ಚೀಟಿ ಅಂಟಿಸಿ ಅಕ್ಕಾ" ಅಂದಿದ್ದೆ. ಅವರು ನಕ್ಕೇಬಿಟ್ಟರು. "ಅಂಟಿಸ್ವಾ, ಚಂದ ಕಾಣ್ತದೆ. ಆದ್ರೆ ಎಸೆಯೂವ ಮನಶ್ಯಾ ಚೀಟಿ ಓದ್ಕಂಡಿ ಎಸೀತ್ನೋ? ಎಸೀತ್ರು ಅಂದ್ಕಂಡೇ ಕಟ್ಟಬೇಕು ನೋಡು." ಆವತ್ತಿನಿಂದ ನಾನು ಅವರ ಅಭಿಮಾನಿ. ತವರು ಕಾರವಾರದ ಹಣಕೋಣ, ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ನಮ್ಮ ಕನ್ನಡ, ಫೋನಿನಲ್ಲಿ ಹಿಂದಿ. ಓದಿದ್ದು ಪಿಯುಸಿ. ಬೆಲೆಬಾಳುವ ವಸ್ತು ಬಂದರೆ ಮೊದಲು ನಾಲ್ಕು ಕಡೆಯಿಂದ ಫೋಟೊ, ನಂಬರಿನ ಫೋಟೊ, ಬ್ಯಾಟರಿ ಬಿಚ್ಚುವುದು, ಒಳಡಬ್ಬಿ, ಅದರ ಸುತ್ತ ಎರಡು ಬೆರಳು ಕಾಗದ, ಹೊರಡಬ್ಬಿ. ಕಟ್ಟಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಸಣ್ಣ ಸದ್ದು ಬಂದರೂ ಬಿಚ್ಚಿ ಮತ್ತೆ ಮೊದಲಿಂದ. ಇಷ್ಟು ಕಟ್ಟುನಿಟ್ಟಿನ ಹೆಂಗಸಿನ ಕೈಯಿಂದಲೇ ಆ ಗೊಂದಲ ಆಯಿತು ಅನ್ನುವುದು ನನಗೆ ಇವತ್ತಿಗೂ ಪೂರ್ತಿ ತಲೆಗೆ ಹೋಗಿಲ್ಲ.

ಮೇ ತಿಂಗಳು. ಸುಂಕಸಾಳದ ಕಡೆಯಿಂದ ಕಮಲಿ ಗೌಡ ಎನ್ನುವ ಹೆಂಗಸು ಬಂದಿದ್ದಳು. ತೋಟದ ಕೂಲಿ ಕೆಲಸದವಳು. ಸೊಂಟದ ಮೇಲೆ ಐದು ವರ್ಷದ ಮಗಳು ದೀಕ್ಷಾ, ಕೈಯಲ್ಲಿ ಸೆರಗಿನಲ್ಲಿ ಸುತ್ತಿದ ಒಂದು ಗೇರುಬೀಜದಷ್ಟು ಚಿಕ್ಕ ಯಂತ್ರ. ಹುಟ್ಟಿನಿಂದ ಕಿವಿ ಕೇಳದ ಆ ಮಗುವಿಗೆ ತಲೆಯೊಳಗೆ ಆಪರೇಶನ್ ಮಾಡಿ ಒಂದು ಭಾಗ ಕೂರಿಸಿದ್ದಾರಂತೆ, ಇದು ಹೊರಗೆ ಕಿವಿಯ ಹಿಂದೆ ಸಿಕ್ಕಿಸುವ ಭಾಗ. ಇದು ಕೆಟ್ಟು ಹನ್ನೊಂದು ದಿನ. ಹನ್ನೊಂದು ದಿನದಿಂದ ದೀಕ್ಷಾಗೆ ಏನೂ ಕೇಳುತ್ತಿಲ್ಲ. ಆಗಷ್ಟೇ ಕಲಿತಿದ್ದ ಮಾತುಗಳೂ ಒಂದೊಂದಾಗಿ ನಿಲ್ಲುತ್ತಿದ್ದವು. ಪುಣೆಯ ಸರ್ವಿಸ್ ಸೆಂಟರಿಗೆ ಕಳಿಸಬೇಕು, ಹೊಸದಾದರೆ ಲಕ್ಷಗಟ್ಟಲೆ.

"ಅಕ್ಕಾ, ದಾರಿ ಮೇಲೆ ಇದು ಮುರದ್ರೆ ಮತ್ತೆ ನಮ್ಮ ಕೈಲಿ ಆಗೂದಲ್ಲ" ಅಂದಳು ಕಮಲಿ.

"ಮುರಿಯೂದಿಲ್ಲ ತಂಗೀ. ನೀ ಕೂತ್ಕೊ."

ಕಟ್ಟುವುದು ಮುಕ್ಕಾಲು ಗಂಟೆ ನಡೆಯಿತು. ತೂಕ ಆರುನೂರನಲವತ್ತು ಗ್ರಾಂ. ಚೀಟಿ ಬರೆದಾಯಿತು, ಹೊರಡಬ್ಬಿಗೆ ಟೇಪು ಹಚ್ಚುವುದೊಂದೇ ಬಾಕಿ. ಆಗ ಕಮಲಿ ಮೆಲ್ಲಗೆ ಕೇಳಿದಳು: "ಒಂಚೂರು ಗುಡಿ ಬಾಗಿಲಿಗೆ ತೋರ್ಸ್ಕಂಡಿ ಬತ್ತೆ ಅಕ್ಕಾ. ಆತದ್ಯೋ?"

ಮೇಜಿನ ಮೇಲಿಂದ ಡಬ್ಬಿ ಕೆಳಗಿಳಿಯಬಾರದು ಅನ್ನುವುದು ಅಕ್ಕನ ನಿಯಮ. ಅವತ್ತು ಮಗುವಿನ ಮುಖ ನೋಡಿ "ಹೋಗ್ಬಾ" ಅಂದರು. ಕಮಲಿ ಹೋಗಿ ಬರುವಷ್ಟರಲ್ಲಿ ಪಾರ್ಸೆಲ್ ಗಾಡಿಯ ನಿತೇಶ ಹಾರ್ನ್ ಹೊಡೆಯತೊಡಗಿದ್ದ. ಕಮಲಿಯೇ ಡಬ್ಬಿಯ ಮುಚ್ಚಳ ಒತ್ತಿ ಹಿಡಿದುಕೊಂಡಳು, ಅಕ್ಕ ಸರಸರ ಟೇಪು ಸುತ್ತಿದರು, ನಿತೇಶ ಎತ್ತಿಕೊಂಡು ಹೋದ. ಅಲ್ಲಾಡಿಸಿ ನೋಡಲಿಲ್ಲ. ಕಮಲಿ ಬಸ್ಸು ಹತ್ತಿದಳು.

ಸಂಜೆ ನಾಲ್ಕಕ್ಕೆ ಕಾರವಾರದ ಗೋದಾಮಿನಿಂದ ಸೂರಜ್ ಫೋನು ಮಾಡಿದ. ಅಲ್ಲಿ ಎಲ್ಲ ಪಾರ್ಸೆಲ್ಲುಗಳನ್ನು ಮತ್ತೊಮ್ಮೆ ತೂಗುವವನು ಅವನು.

"ವೈನಿ, ನಿಮ್ಮ ಪುಣೆ ಡಬ್ಬಿ ಚೀಟಿಲಿ ಆರುನೂರನಲವತ್ತು ಅದೆ. ನಮ್ಮ ಕಾಟಾದ ಮೇಲೆ ಒಂದು ಸಾವಿರದ ನೂರ ಎಂಬತ್ತು ಬರ್ತದೆ. ಯಾವ್ದು ಬರಕಳ್ಳಿ?"

"ನಿನ್ನ ಕಾಟಾನೇ ಹಾಳಾಗ್ಯದೆ."

"ಬೇರೆ ಎಲ್ಲಾ ಸರಿ ಬರ್ತದಲ್ಲ ವೈನಿ. ನಿಮ್ದೊಂದೇ ಹೀಂಗೆ."

ಅಕ್ಕ ತಮ್ಮ ಕಾಟಾದ ಮೇಲೆ ಒಂದು ಕಿಲೋ ಸಕ್ಕರೆ ಪೊಟ್ಟಣ ಇಟ್ಟು ನೋಡಿದರು. ಸರಿಯಾಗೇ ತೋರಿಸಿತು. ಹಾಗಾದರೆ? ಡಬ್ಬಿ ಅದಲುಬದಲಾಯಿತೇ? ಚೀಟಿ ನಿಮ್ಮದೇ, ಟೇಪೂ ನಿಮ್ಮದೇ ಅನ್ನುತ್ತಾನೆ ಸೂರಜ್. ಮಶಿನು ತೆಗೆದು ಯಾರಾದರೂ ಕಲ್ಲು ಇಟ್ಟರೇ? ಟೇಪು ಹರಿದಿಲ್ಲವಂತೆ. ನೀರು ಹೊಕ್ಕಿತೇ? ಅರ್ಧ ಲೀಟರ್ ನೀರು ಹೊಕ್ಕ ರಟ್ಟು ಒದ್ದೆಯಾಗದೆ ಇರುತ್ತದೆಯೇ? ನಿತೇಶನಿಗೆ ಫೋನು ಮಾಡಿದರೆ ಅವನು ಇನ್ನೊಂದು ಗೊಂದಲ ಸೇರಿಸಿದ: "ಅಕ್ಕಾ, ಏನೋ ಹಣ್ಣಿನಂಗೆ ಪರಮಳ ಬರ್ತಿತ್ತು. ನಾ ನಿಮ್ಮ ಹೊಸ ಟೇಪಿನ ವಾಸನೆ ಅಂದ್ಕಂಡೆ." ಕಮಲಿಗೆ ಫೋನು ಹತ್ತಲಿಲ್ಲ.

ಅಷ್ಟರಲ್ಲಿ ಸೂರಜ್‌ನದೇ ಮತ್ತೆ ಫೋನು: "ನಾ ಸಾವಿರದ ನೂರ ಎಂಬತ್ತು ಅಂತ ತಿದ್ದಿ ಬಿಟ್ಬಿಡ್ತೆ. ಆರಕ್ಕೆ ಗಾಡಿ ಹೋಗ್ತದೆ."

"ಬಿಡಬೇಡ್ವೋ! ನಾ ಬತ್ತೆ" ಎಂದು ಅಕ್ಕ ಶಟರ್ ಎಳೆದೇಬಿಟ್ಟರು. ಆಗ ಅಲ್ಲಿದ್ದದ್ದು ನಾನು, ನನ್ನ ಸ್ಕೂಟಿ. ಹೈವೇ ತುಂಬ ಹಿಂದಿನಿಂದ ಒಂದೇ ಲೆಕ್ಕಾಚಾರ: "ಐನೂರನಲವತ್ತು... ಐನೂರನಲವತ್ತು ಏನಿರೂದು ಮಾರಾಯಾ?" ನಾನು ಇಟ್ಟಿಗೆ ಅಂದೆ. ಬೆನ್ನಿಗೆ ಒಂದು ಗುದ್ದು ಬಿತ್ತು.

ಗೋದಾಮಿನಲ್ಲಿ ಸೂರಜ್ ಮೊಬೈಲಿನಲ್ಲಿ ವಿಡಿಯೊ ಹಿಡಿದ, ಅಕ್ಕ ಬ್ಲೇಡಿನಿಂದ ಟೇಪು ಕೊಯ್ದರು. ಮುಚ್ಚಳ ತೆರೆದ ಕೂಡಲೇ ಘಮ್ಮೆಂದಿತು. ಎರಡು ಬೆರಳು ಕಾಗದ ಇರಬೇಕಾದ ಜಾಗದಲ್ಲಿ ಕಾಗದವೇ ಇಲ್ಲ. ಹಳೆ ಸೀರೆಯ ತುಂಡಿನಲ್ಲಿ ಬೆಚ್ಚಗೆ ಸುತ್ತಿದ ಎರಡು ಇಶಾಡ ತಳಿಯ ಮಾವಿನಹಣ್ಣು, ಆಚೆಗೊಂದು ಈಚೆಗೊಂದು. ಒಂದರ ತೊಟ್ಟಿನಿಂದ ಸೊನೆ ಇಳಿದು ಒಳಡಬ್ಬಿಯ ಮೂಲೆಗೆ ಅಂಟಿತ್ತು.

ಸೂರಜ್ ವಿಡಿಯೊ ಹಿಡಿದ ಮೊಬೈಲನ್ನು ಕೆಳಗಿಳಿಸಿದ.

"ಹಣ್ಣು ಯಾಕೆ?" ಅಂದ ಸೂರಜ್.

"ನಂಗೊತ್ತೋ?" ಅಂದರು ಅಕ್ಕ. ಆಮೇಲೆ ತಲೆ ಮೇಲೆ ಕೈ ಇಟ್ಟುಕೊಂಡು, "ಅರೇ ದೇವಾ... ಕಮಲಿ ಡಬ್ಬಿ ಕಳಸ್ತಾ ಇದ್ದದ್ದು ಅಲ್ದಾ. ನಮ್ಮ ಮನೆಲೂ ಬೇರೆಯವರ ಮನೆಗೆ ಡಬ್ಬಿ ಹೋಗೂಕಾರೆ ತಿನ್ನೂಕೆ ಏನಾರು ಹಾಕೇ ಕಳಸೂದು" ಅಂದರು.

ಅವರು ಸೊನೆ ಒರೆಸಿ ಒಳಡಬ್ಬಿ ತೆರೆದರು. ಯಂತ್ರದ ಪ್ಲಾಸ್ಟಿಕ್ ಚೀಲ ಒಣಗಿಯೇ ಇತ್ತು. ಪುಣೆ ತಲುಪಲು ಮೂರು ದಿನ, ಮೇಲೆ ಹತ್ತು ಪಾರ್ಸೆಲ್ಲಿನ ಭಾರ, ಮೇ ತಿಂಗಳ ಸೆಕೆ. ಹಣ್ಣು ಒಡೆದು ರಸ ಒಳಗಿಳಿದಿದ್ದರೆ ರಿಪೇರಿಯ ಮಾತೇ ಇರುತ್ತಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಹೊಸ ಡಬ್ಬಿಯಲ್ಲಿ ಮತ್ತೆ ಕಟ್ಟಿದರು. ಆರುನೂರನಲವತ್ತು. ಆರರ ಗಾಡಿಗೆ ಹೋಯಿತು.

ಮಶಿನಿನ ಗೊಂದಲ ಮುಗಿಯಿತು, ಹಣ್ಣಿನದು ಶುರುವಾಯಿತು. ಕೊರಿಯರಿನಲ್ಲಿ ಹಣ್ಣು ಕಳಿಸುವಂತಿಲ್ಲ. ವಾಪಸು ಕೊಟ್ಟರೆ ಕಮಲಿ ನೊಂದುಕೊಳ್ಳುತ್ತಾಳೆ. ತಿನ್ನೋಣವೆಂದರೆ ನಮ್ಮದಲ್ಲ. ಎರಡು ದಿನ ಅವು ಬಿಲ್ಲು ಪುಸ್ತಕದ ಪಕ್ಕ ಕೂತು ಇಡೀ ಅಂಗಡಿ ಘಮಘಮಿಸಿದವು. ಮೂರನೇ ದಿನ ಅಕ್ಕ ಪುಣೆಗೇ ಫೋನು ಮಾಡಿ, ಅಲ್ಲಿ ರಿಪೇರಿ ನೋಡುವ ಪ್ರೀತಿ ಎನ್ನುವವರಿಗೆ ತಮ್ಮ ಹಿಂದಿಯಲ್ಲಿ ಎಲ್ಲ ಹೇಳಿದರು. ಅವರು ನಕ್ಕು, "ನನ್ನ ಹೆಸರಲ್ಲಿ ನೀವು ತಿನ್ನಿ, ಹೇಗಿತ್ತು ಅಂತ ಹೇಳಿ" ಅಂದರಂತೆ. ತಿಂದೆವು. ಆದರೂ ಅಕ್ಕನಿಗೆ ಸಮಾಧಾನವಿಲ್ಲ. "ಇದು ತಿಂದದ್ದು ಸರಿಯಾಯ್ತೋ?" ಎಂದು ನನ್ನನ್ನೇ ಕೇಳಿದರು.

ಇಪ್ಪತ್ತೆರಡನೇ ದಿನ ಯಂತ್ರ ಬಂತು. ಕಮಲಿ ಬಂದವಳೇ ಕೇಳಿದ್ದು ಹಣ್ಣನ್ನು. "ಪುಣೆಯವ್ರಿಗೆ ಸೇರ್ತಾ ಅಕ್ಕಾ? ಬರೀ ಮುರುಕು ಸಾಮಾನು ಕಳಸೂಕೆ ಮನಸ್ಸಿಗೆ ಹೆಂಗೋ ಆಯ್ತು. ಗುಡಿ ಹತ್ರ ಕಾಗದ ತೆಗ್ದಿ, ಮನೆಯಿಂದ ತಂದ ಹಣ್ಣು ಅದೇ ಜಾಗ್ದಲ್ಲಿ ಇಟ್ಟಿದ್ದೆ. ಹಣ್ಣೂ ಮೆತ್ತಗೇ ಅಲ್ದೋ, ಪೆಟ್ಟು ತಾಗೂದಿಲ್ಲ ಅಂತ."

ಅಕ್ಕ ನನ್ನ ಮುಖ ನೋಡಿದರು. "ಸೇರ್ತು ತಂಗೀ" ಅಂದರು. ಯಂತ್ರದ ಡಬ್ಬಿ ತೆಗೆದು ಅವಳ ಮುಂದಿಟ್ಟರು.

ಕಮಲಿ ಯಂತ್ರವನ್ನು ಮಗಳ ಕಿವಿಯ ಹಿಂದೆ ಸಿಕ್ಕಿಸಿದಳು. ದೀಕ್ಷಾ ನೆಲ ನೋಡುತ್ತ ನಿಂತಿದ್ದಳು. ಅಕ್ಕ ಗಾಬರಿಯಲ್ಲಿ ಕೈಗೆ ಸಿಕ್ಕ ಟೇಪಿನ ಸುರುಳಿಯನ್ನು ಪರ್ರ್ ಎಂದು ಎಳೆದರು. ಮಗು ಬೆಚ್ಚಿ ತಿರುಗಿತು. ಅಕ್ಕ ಮತ್ತೆ ಎಳೆದರು. ಮಗು ಕಿಲಕಿಲ ನಕ್ಕಿತು. ಅರ್ಧ ಸುರುಳಿ ಖಾಲಿಯಾಯಿತು ಅವತ್ತು. ಕಮಲಿ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ.

ನಿಮ್ಮ ಮನೆಯಲ್ಲಿ ದೂರಕ್ಕೆ ಕಳಿಸುವ ನಾಜೂಕಿನ ವಸ್ತು ಏನಾದರೂ ಇದ್ದರೆ, ನೀವೇ ಕಟ್ಟಲು ಹೋಗಬೇಡಿ, ಹಾಗೇ ತನ್ನಿ. ಏನೂ ಇಲ್ಲದಿದ್ದರೂ ಪರವಾಗಿಲ್ಲ, ಅಂಕೋಲೆಗೆ ಬಂದಾಗ ಆ ಓಣಿಗೆ ಒಮ್ಮೆ ಹೋಗಿ ಬನ್ನಿ. ಬಾಗಿಲಲ್ಲಿ ರಟ್ಟಿನ ಡಬ್ಬಿಗಳ ರಾಶಿ, ಅದರಾಚೆ ಕನ್ನಡಕ ಹಣೆಗೇರಿಸಿದ ಒಬ್ಬ ಹೆಂಗಸು ಕಾಣುತ್ತಾರೆ. ಮಂದಾಕಿನಿ ಅಕ್ಕಾ ಅಂತ ಕರೆದು ಮಾತಾಡಿಸಿ. ಆ ಹಣ್ಣು ತಿಂದದ್ದು ಸರಿಯೋ ತಪ್ಪೋ ಎಂದು ನಿಮ್ಮನ್ನೂ ಕೇಳುತ್ತಾರೆ. ನಿಮಗೆ ತೋಚಿದ ಉತ್ತರ ಹೇಳಿ ಬನ್ನಿ.